‘ಸರ್ವೈವಲ್’ ಮಡಚು ಚಾಕು: ಕಾಡಿಗೆ ಒಯ್ಯುವ ಮುಂಚೆ ಪರೀಕ್ಷೆ ಮಾಡುವುದು ಹೇಗೆ?

ಮಡಚುವ ಚಾಕುವಿನ ಮೈಮೇಲೆ ‘ಸರ್ವೈವಲ್’ ಅಂತ ಬರೆದುಬಿಟ್ಟರೆ ಅದಕ್ಕೊಂದು ಗತ್ತು ಬಂದುಬಿಡುತ್ತದೆ. ಕಪ್ಪು ಬಳಿದ ದಪ್ಪ ಅಲಗು, ಅದರ ಅರ್ಧಕ್ಕೆ ಗರಗಸದಂಥ ಹಲ್ಲು. ಹಿಡಿಯ ತುದಿಯಲ್ಲಿ ಗಾಜು ಒಡೆಯುವ ಮೊನೆ, ಪಕ್ಕದಲ್ಲಿ ಸೀಟ್ ಬೆಲ್ಟ್ ಕತ್ತರಿಸುವ ಕೊಕ್ಕೆ, ಒಳಗೆ ಕಿಡಿ ಹಾರಿಸುವ ಕಡ್ಡಿ. ಸಾಲದ್ದಕ್ಕೆ ಪುಟ್ಟ ಟಾರ್ಚು, ದಿಕ್ಸೂಚಿ. ಕೈಯಲ್ಲಿ ಹಿಡಿದರೆ, ಇದೊಂದಿದ್ದರೆ ಯಾವ ಕಾಡಿನಿಂದಲೂ ಎದ್ದು ಬರಬಹುದು ಅನ್ನಿಸುತ್ತದೆ.

ನನಗೂ ಹಾಗೇ ಅನ್ನಿಸಿತ್ತು. ಅಂಥದ್ದೊಂದನ್ನು ತಗೊಂಡು ಮೊದಲ ಸಲ ಕ್ಯಾಂಪಿಗೆ ಹೋದಾಗ, ಟೆಂಟಿನ ಗೂಟಕ್ಕೆ ಹಗ್ಗ ಪೋಣಿಸಲು ತೂತು ಕೊರೆಯುತ್ತ ಕೂತೆ. ಮೊನೆ ಮರದಲ್ಲಿ ಸಿಕ್ಕಿಕೊಂಡಿತು. ಹಿಡಿಯನ್ನು ಸ್ವಲ್ಪ ತಿರುಚಿ ಒತ್ತಿದೆ. ತೆರೆದ ಅಲಗನ್ನು ಹಿಡಿದಿಡುವ ಲಾಕ್ ಟಕ್ ಅಂತ ಜಾರಿ, ಅಲಗು ಮಡಚಿಕೊಂಡು ತೋರುಬೆರಳಿನ ಮೇಲೆ ಬಂದು ಕೂತಿತು. ಅಲಗು ಅಷ್ಟೇನೂ ಹರಿತವಾಗಿರಲಿಲ್ಲ, ಅದೇ ಪುಣ್ಯ. ಗಾಯದ ಗುರುತು ಇನ್ನೂ ಇದೆ.

ಹಾಗಂತ ಮಡಚು ಚಾಕುವೇ ಬೇಡ ಅಂತಲ್ಲ. ಈಗಲೂ ನನ್ನ ಜೇಬಲ್ಲಿ ಒಂದಿದೆ, ಬೇರೆ ಜಾತಿಯದು. ಕೊಳ್ಳುವಾಗ ಏನು ನೋಡಬೇಕು, ಕೊಂಡ ಮೇಲೆ ಮನೆಯಲ್ಲೇ ಹೇಗೆ ಪರೀಕ್ಷಿಸಬೇಕು, ಹೊರಗೆ ಹೇಗೆ ಬಳಸಬೇಕು ಅನ್ನೋದನ್ನು ಒಂದೊಂದಾಗಿ ನೋಡೋಣ.

ಹೆಜ್ಜೆ 1: ಕೆಲಸದ ಚೀಟಿ ಬರೆಯಿರಿ

ಕಳೆದ ಸಲ ಹೊರಗೆ ಹೋದಾಗ ಚಾಕು ತೆಗೆದದ್ದು ಯಾವ್ಯಾವುದಕ್ಕೆ? ನೆನಪು ಮಾಡಿಕೊಂಡು ಬರೆಯಿರಿ. ಹಗ್ಗ ಕತ್ತರಿಸೋದು, ಪೊಟ್ಟಣ ಬಿಚ್ಚೋದು, ತರಕಾರಿ ಹೆಚ್ಚೋದು, ಗೂಟದ ತುದಿ ಚೂಪು ಮಾಡೋದು, ಗಾಯಕ್ಕೆ ಸುತ್ತುವ ಪಟ್ಟಿ ಕತ್ತರಿಸೋದು, ಬೆಂಕಿಗೆ ಸಣ್ಣ ಸಿಪ್ಪೆ ಎಬ್ಬಿಸೋದು. ಹೆಚ್ಚೂಕಡಿಮೆ ಇಷ್ಟೇ ಅಲ್ವಾ? ಇದರಲ್ಲಿ ಯಾವುದಕ್ಕೂ 4 ಮಿ.ಮೀ. ದಪ್ಪದ ಅಲಗು ಬೇಕಾಗಿಲ್ಲ. 7ರಿಂದ 9 ಸೆಂ.ಮೀ. ಉದ್ದ, 2ರಿಂದ 3 ಮಿ.ಮೀ. ದಪ್ಪ ಇದ್ದರೆ ಸಾಕು. ಅಲಗು ದಪ್ಪವಾದಷ್ಟೂ ಕತ್ತರಿಸುವ ಬದಲು ಬೆಣೆಯ ಹಾಗೆ ಸಿಕ್ಕಿಕೊಳ್ಳುತ್ತದೆ.

ಫ್ರಾನ್ಸಿನ ಒಪಿನೆಲ್ ಚಾಕು ಗೊತ್ತಿರಬಹುದು. 1890ರಿಂದ ಬರುತ್ತಿರುವ ಮರದ ಹಿಡಿಯ ಸಾದಾ ಮಡಚು ಚಾಕು. ಅದರ 8ನೇ ನಂಬರಿನ ಮಾದರಿಯ ಅಲಗು 8.5 ಸೆಂ.ಮೀ. ಉದ್ದ, ಚಾಕುವಿನ ತೂಕ 50 ಗ್ರಾಂ ಒಳಗೆ. ನೋಡಿದರೆ ಯಾರೂ ಅದನ್ನು ‘ಸರ್ವೈವಲ್’ ಅನ್ನಲಾರರು. ಆದರೆ ಕತ್ತರಿಸುವ ವಿಷಯಕ್ಕೆ ಬಂದರೆ ಕಪ್ಪು ದಪ್ಪ ಅಲಗಿನ ಎಷ್ಟೋ ಚಾಕುಗಳಿಗೆ ನೀರು ಕುಡಿಸುತ್ತದೆ.

ಇನ್ನು, ನಿಮ್ಮ ಚೀಟಿಯಲ್ಲಿ ದಪ್ಪ ಸೌದೆ ಸೀಳುವುದು, ಅಗೆಯುವುದು, ಮೀಟುವುದು, ಕುಟ್ಟುವುದು ಬಂದಿದ್ದರೆ ಮಡಚು ಚಾಕುವಿನ ಆಸೆ ಬಿಡಿ. ಅದಕ್ಕೆ ಅಲಗಿನ ಉಕ್ಕು ಹಿಡಿಯ ಕೊನೆಯವರೆಗೂ ಒಂದೇ ತುಂಡಾಗಿ ಹೋಗಿರುವ, ಮಡಚದ ಚಾಕುವೇ ಬೇಕು. ಮಡಚು ಚಾಕು ಎಷ್ಟೇ ಗಟ್ಟಿ ಇರಲಿ, ನಡುವೆ ಒಂದು ಕೀಲಿದೆ. ಅಂದರೆ ಅದು ಮೊದಲೇ ಎರಡು ತುಂಡಾಗಿರುವ ಚಾಕು.

ಹೆಜ್ಜೆ 2: ಒಡವೆಗಳನ್ನು ಬದಿಗಿಟ್ಟು ಅಲಗು ನೋಡಿ

ಒಡವೆ ಅಂದದ್ದು ಬೇಕಂತಲೇ. ಗಾಜು ಒಡೆಯುವ ಮೊನೆಯನ್ನೇ ತಗೊಳ್ಳಿ. ಕಾರಿನ ಪಕ್ಕದ ಕಿಟಕಿಯಲ್ಲಿ ಸಾಮಾನ್ಯವಾಗಿ ಇರುವ ಟೆಂಪರ್ಡ್ ಗಾಜನ್ನು ಅದು ಪುಡಿ ಮಾಡುತ್ತದೆ, ನಿಜ. ಮುಂದಿನ ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವುದರಿಂದ ಅಲ್ಲಿ ಅದರ ಆಟ ನಡೆಯುವುದಿಲ್ಲ. ಕಾಡಲ್ಲಂತೂ ಒಡೆಯಲು ಗಾಜೇ ಇಲ್ಲ. ಕಾರಲ್ಲಿ ಇಡುವ ಚಾಕುವಿಗೆ ಸರಿ, ಬೆನ್ನಚೀಲದ ಚಾಕುವಿಗೆ ಸುಮ್ನೆ ಭಾರ. ಹಿಡಿಗೆ ಅಂಟಿಸಿದ ದಿಕ್ಸೂಚಿಯದು ಇನ್ನೂ ತಮಾಷೆ. ಪಕ್ಕದಲ್ಲೇ ಉಕ್ಕು ಇದ್ದರೆ ಮುಳ್ಳು ಉತ್ತರಕ್ಕಿಂತ ಉಕ್ಕಿನ ಕಡೆಗೇ ಎಳೆಸಿಕೊಳ್ಳುತ್ತದೆ.

ಹಲ್ಲಿನ ಅಲಗು ಒದ್ದೆ ಹಗ್ಗ, ಬೆಲ್ಟು ಕತ್ತರಿಸಲು ಚೆನ್ನ. ತೊಂದರೆ ಏನೆಂದರೆ, ಅರ್ಧ ಹಲ್ಲಿರುವ ಚಾಕುಗಳಲ್ಲಿ ಆ ಹಲ್ಲು ಹಿಡಿಯ ಹತ್ತಿರವೇ ಇರುತ್ತದೆ. ಮರ ಕೆತ್ತುವಾಗ ಕೈಗೆ ಹೆಚ್ಚು ಬಲ ಸಿಗುವ ಜಾಗವೂ ಅದೇ. ನಯವಾಗಿ ಕೆತ್ತಬೇಕಾದ ಕಡೆ ಗರಗಸ ಕೂತಿದ್ದರೆ ಕೆತ್ತುವುದು ಹೇಗೆ? ಮೇಲಾಗಿ ಅದಕ್ಕೆ ಸಾಣೆ ಹಿಡಿಯಲು ಮಾಮೂಲಿ ಚಪ್ಪಟೆ ಕಲ್ಲು ಸಾಲದು, ದುಂಡನೆಯ ಸಣ್ಣ ಕಡ್ಡಿ ಬೇಕು. ನನ್ನನ್ನು ಕೇಳಿದರೆ ಸಾದಾ ಬಾಯಿಯ, ಅಂದರೆ ಕತ್ತರಿಸುವ ಅಂಚಿನಲ್ಲಿ ಹಲ್ಲಿಲ್ಲದ ಅಲಗೇ ಇರಲಿ, ಮೊನೆ ಬೆನ್ನಿನ ಕಡೆಯಿಂದ ಸ್ವಲ್ಪ ಇಳಿಜಾರಾಗಿ ಬಂದಿರಲಿ.

ಉಕ್ಕಿನ ಬಗ್ಗೆ ಒಂದೇ ಮಾತು. ಪೆಟ್ಟಿಗೆ ಮೇಲೆ ಬರೀ ‘ಸ್ಟೇನ್‌ಲೆಸ್ ಸ್ಟೀಲ್’ ಅಂತಿದ್ದರೆ ಏನೂ ಹೇಳಿದಂತಾಗಲಿಲ್ಲ. ಯಾವ ಉಕ್ಕು ಅಂತ ಹೆಸರು ಇರಬೇಕು: 12ಸಿ27, 8ಸಿಆರ್13, ಡಿ2, ಹೀಗೆ. ಉಕ್ಕು ಎಷ್ಟು ಗಡಸು ಅಂತ ಹೇಳುವ ರಾಕ್‌ವೆಲ್ ಅಳತೆ 56ರಿಂದ 60ರ ನಡುವೆ ಇದ್ದರೆ ಹದ ಸರಿಯಿದೆ ಅನ್ನಬಹುದು. ಅದಕ್ಕಿಂತ ತೀರಾ ಮೆತ್ತಗಿದ್ದರೆ ಬೇಗ ಮೊಂಡಾಗುತ್ತದೆ, ತೀರಾ ಗಡಸಾದರೆ ಬಾಯಿ ಚಕ್ಕೆ ಏಳುತ್ತದೆ.

ಹೆಜ್ಜೆ 3: ಕೀಲು ಮತ್ತು ಲಾಕ್ ಪರೀಕ್ಷಿಸಿ

ನನ್ನ ಬೆರಳು ಪಾಠ ಕಲಿತದ್ದು ಇಲ್ಲೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮಾಮೂಲಿಯಾಗಿ ಸಿಗುವ ಲಾಕ್‌ಗಳು ಮೂರ್ನಾಲ್ಕು ಬಗೆ. ಲೈನರ್ ಲಾಕ್‌ನಲ್ಲಿ ಹಿಡಿಯ ಒಳಗಿನ ತೆಳು ತಗಡೊಂದು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಆತುಕೊಳ್ಳುತ್ತದೆ. ಫ್ರೇಮ್ ಲಾಕ್‌ನಲ್ಲಿ ಹಿಡಿಯ ದಪ್ಪ ಪಕ್ಕೆಯೇ ಆ ಕೆಲಸ ಮಾಡುತ್ತದೆ. ಬ್ಯಾಕ್ ಲಾಕ್‌ನಲ್ಲಿ ಹಿಡಿಯ ಬೆನ್ನಿನಲ್ಲಿರುವ ಪಟ್ಟಿ ಅಲಗಿನ ಕಚ್ಚಿನೊಳಗೆ ಬೀಳುತ್ತದೆ. ಒಪಿನೆಲ್‌ನಲ್ಲಿ 1955ರಿಂದ ಬಂದ ತಿರುಗುವ ಉಂಗುರ ಇದೆ, ತಿರುಗಿಸಿಬಿಟ್ಟರೆ ಅಲಗು ಮಡಚುವ ದಾರಿಯೇ ಮುಚ್ಚುತ್ತದೆ. ಸ್ವಿಸ್ ಆರ್ಮಿ ಚಾಕುಗಳ ಸಣ್ಣ ಮಾದರಿಗಳಲ್ಲಿ ಲಾಕ್ ಇಲ್ಲ, ಸ್ಪ್ರಿಂಗ್ ಅಷ್ಟೇ. ಲಾಕ್ ಇಲ್ಲದ್ದು ಕೆಟ್ಟದ್ದು ಅಂತಲ್ಲ. ಇಲ್ಲ ಅಂತ ಗೊತ್ತಿದ್ದಾಗ ಕೈ ತಾನಾಗಿ ಹುಷಾರಾಗಿರುತ್ತದೆ. ಸಡಿಲ ಲಾಕ್ ನಂಬಿಸಿ ಕೈಕೊಡುತ್ತದೆ, ಅದೇ ಅಪಾಯ.

ಅಗ್ಗದ ಸರ್ವೈವಲ್ ಚಾಕುಗಳಲ್ಲಿ ಬಹುತೇಕ ಇರುವುದು ಲೈನರ್ ಲಾಕ್. ಅಲಗು ತೆರೆದು ಹಿಡಿಯ ಒಳಗೆ ಇಣುಕಿ ನೋಡಿ. ಆ ತಗಡು ಅಲಗಿನ ಬುಡದ ಅಗಲದಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ಸರಿದು ಬಂದಿರಬೇಕು. ಅಂಚಿಗೆ ಮಾತ್ರ ತಗುಲಿದ್ದರೆ ಜಾರುತ್ತದೆ. ಪೂರ್ತಿ ಆಚೆ ಬದಿಗೆ ಹೋಗಿದ್ದರೆ ಸವೆದಿದೆ ಅಂತ ಅರ್ಥ.

ಆಮೇಲೆ ಹಿಡಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಅಲಗಿನ ಬೆನ್ನನ್ನು ಚಿವುಟಿ ಹಿಡಿದು ಎಡಬಲಕ್ಕೆ ಆಡಿಸಿ. ಕೀಲಿನಲ್ಲಿ ಕಿಟಕಿಟ ಅಂದರೆ ತಿರುಪು ಬಿಗಿ ಮಾಡಿ ಮತ್ತೆ ನೋಡಿ. ಮೇಲೆ ಕೆಳಗೆ ಆಡಿದರೆ ಮಾತ್ರ ತಿರುಪಿನಿಂದ ಸರಿಹೋಗುವುದಿಲ್ಲ, ಅದು ಲಾಕ್‌ನ ದೋಷ. ವಾಪಸ್ ಕೊಟ್ಟುಬಿಡಿ.

ಕೊನೆಗೆ ಬೆನ್ನಿನ ಪರೀಕ್ಷೆ. ಬೆರಳುಗಳು ಅಲಗು ಮಡಚುವ ದಾರಿಯಲ್ಲಿ ಇರಕೂಡದು, ಹಿಡಿಯನ್ನು ಎರಡೂ ಪಕ್ಕೆಯಿಂದ ಮಾತ್ರ ಹಿಡಿಯಬೇಕು. ಅಲಗಿನ ಬೆನ್ನನ್ನು ದಪ್ಪ ಪುಸ್ತಕವೊಂದರ ಮೇಲೆ ಮೆಲ್ಲಗೆ ನಾಲ್ಕೈದು ಸಲ ತಟ್ಟಿ. ಮೆಲ್ಲಗೆ, ಸುತ್ತಿಗೆ ಹೊಡೆದ ಹಾಗಲ್ಲ. ಇಷ್ಟಕ್ಕೇ ಲಾಕ್ ಬಿಟ್ಟರೆ ಆ ಚಾಕು ಪೊಟ್ಟಣ ಬಿಚ್ಚಲೂ ಬೇಡ. ಹಾಗೇ ಮುಚ್ಚಿದ ಚಾಕುವನ್ನು ತಲೆಕೆಳಗಾಗಿ ಹಿಡಿದು ಅಲ್ಲಾಡಿಸಿ. ಅಲಗು ತಾನಾಗಿ ಇಣುಕಿದರೆ ಜೇಬಿನಲ್ಲೂ ಹಾಗೇ ಇಣುಕುತ್ತದೆ.

ಹೆಜ್ಜೆ 4: ಮನೆಯಲ್ಲೇ ಒಂದು ಗಂಟೆ ದುಡಿಸಿ

ಒಂದು ಹಳೇ ರಟ್ಟಿನ ಪೆಟ್ಟಿಗೆ, ಒಂದು ಮಾರು ಹಗ್ಗ, ಹೆಬ್ಬೆರಳು ದಪ್ಪದ ಒಣಕಡ್ಡಿ ತಗೊಳ್ಳಿ. ಮೊದಲು ಹಗ್ಗವನ್ನು ತುಂಡು ತುಂಡಾಗಿ, ಪೆಟ್ಟಿಗೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ. ರಟ್ಟು ಮೊಂಡು ಅಲಗಿನ ಬಂಡವಾಳ ಬಯಲು ಮಾಡುತ್ತದೆ.

ಆಮೇಲೆ ಕಡ್ಡಿಯ ಒಂದು ತುದಿಯನ್ನು ಹಲಗೆ ಮೇಲೆ ಊರಿ, ಅಲಗನ್ನು ಬಹುಮಟ್ಟಿಗೆ ಚಪ್ಪಟೆಯಾಗಿ ಇಟ್ಟು ಕೆಳಕ್ಕೆ ನೂಕಿ. ತೆಳ್ಳಗಿನ ಸಿಪ್ಪೆ ಸುರುಳಿ ಸುತ್ತಿಕೊಂಡು ಏಳಬೇಕು, ಆದರೆ ಕಡ್ಡಿಯಿಂದ ಬಿಡಬಾರದು. ಹಾಗೆ ಇಪ್ಪತ್ತು ಮೂವತ್ತು ಸುರುಳಿ ಎಬ್ಬಿಸಿದರೆ ಕಡ್ಡಿಯ ತುದಿ ಕೋಳಿ ಪುಕ್ಕದಂತಾಗುತ್ತದೆ. ಮಳೆ ಬಂದು ನೆಲವೆಲ್ಲ ಒದ್ದೆಯಾಗಿದ್ದಾಗ ಬೆಂಕಿ ಹಿಡಿಯುವುದು ಇದಕ್ಕೇ, ಕಡ್ಡಿಯ ಒಳಗಿನ ಮರ ಒಣಗಿರುತ್ತದಲ್ಲ. ನನ್ನ ಕಪ್ಪು ಚಾಕು ಸುರುಳಿ ಎಬ್ಬಿಸಲೇ ಇಲ್ಲ. ದಪ್ಪ ಅಲಗು ಮರದೊಳಗೆ ಇಳಿದು ಚಕ್ಕೆ ಚಕ್ಕೆಯಾಗಿ ಕಿತ್ತಿತು. ಹತ್ತು ನಿಮಿಷಕ್ಕೆ ಅಂಗೈಯಲ್ಲಿ ಬೊಬ್ಬೆ. ಹಿಡಿಯ ಮೇಲಿನ ಆ ಕೊಕ್ಕೆ, ಮೊನೆ, ಉಬ್ಬುಗಳೆಲ್ಲ ಒತ್ತಿದ್ದು ನನ್ನ ಕೈಯನ್ನೇ.

ಚಾಕುವಿನ ಜೊತೆ ಬರುವ ಕಿಡಿಕಡ್ಡಿಯನ್ನೂ ಇಲ್ಲೇ ನೋಡಿಬಿಡಿ. ಅದು ಫೆರೊಸೀರಿಯಂ ಎಂಬ ಮಿಶ್ರಲೋಹ. ಆಸ್ಟ್ರಿಯಾದ ಕಾರ್ಲ್ ಔರ್ ಫಾನ್ ವೆಲ್ಸ್‌ಬಾಖ್ 1903ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು, ಸಿಗರೇಟ್ ಲೈಟರಿನ ‘ಕಲ್ಲು’ ಕೂಡ ಅದೇ. ಅದರ ಕಿಡಿ ಸುಮಾರು 3000 ಡಿಗ್ರಿ ಸೆಲ್ಸಿಯಸ್ ತಲುಪುತ್ತದೆ. ಹೊಸ ಕಡ್ಡಿಯ ಮೇಲೆ ಕಪ್ಪು ಬಣ್ಣ ಇರುತ್ತದೆ, ಮೊದಲು ಅದನ್ನು ಕೆರೆದು ತೆಗೆಯಿರಿ. ಕೆರೆಯಬೇಕಾದ್ದು ಅಲಗಿನ ಬೆನ್ನಿನಿಂದ, ಬಾಯಿಯಿಂದಲ್ಲ. ಬೆನ್ನಿನ ಅಂಚು ಚೌಕವಾಗಿ, ಚೂಪಾಗಿ ಇದ್ದರೆ ಮಾತ್ರ ಕಿಡಿ ಏಳುತ್ತದೆ. ಬಣ್ಣ ಬಳಿದು ಗುಂಡಗಾದ ಬೆನ್ನಿನಿಂದ ಎಷ್ಟು ಕೆರೆದರೂ ಅಷ್ಟೇ. ಕಿಡಿಕಡ್ಡಿ ಕೊಟ್ಟು, ಅದನ್ನು ಕೆರೆಯಲಾಗದ ಅಲಗು ಕೊಡುವ ಚಾಕುಗಳೂ ಇವೆ!

ಹೆಜ್ಜೆ 5: ಸೌದೆ ಸೀಳಲೇಬೇಕಾದರೆ

ಅಲಗನ್ನು ಸೌದೆಯ ಮೇಲಿಟ್ಟು ಬೆನ್ನಿಗೆ ದೊಣ್ಣೆಯಿಂದ ಹೊಡೆದು ಸೀಳುವ ವಿಡಿಯೊಗಳನ್ನು ನೋಡಿರುತ್ತೀರಿ. ಮಡಚು ಚಾಕುವಿನಲ್ಲಿ ಅದನ್ನು ಮಾಡಬೇಡಿ. ಒಂದೊಂದು ಏಟೂ ಬೀಳುವುದು ಕೆಲವೇ ಮಿ.ಮೀ. ದಪ್ಪದ ಕೀಲಿನ ಮೊಳೆಯ ಮೇಲೆ, ಪಕ್ಕದ ಲಾಕ್ ಮೇಲೆ.

ಮೊದಲನೆಯದಾಗಿ, ಸಣ್ಣ ಬೆಂಕಿಗೆ ಸೀಳುವ ಅಗತ್ಯವೇ ಬರುವುದಿಲ್ಲ. ಹೆಬ್ಬೆರಳು ದಪ್ಪದ ಒಣಕಡ್ಡಿ ಕೈಯಲ್ಲೇ ಮುರಿಯುತ್ತದೆ. ಸೀಳಲೇಬೇಕು ಅಂದರೆ ಚಾಕುವಿನಿಂದ ಗಟ್ಟಿ ಮರದ ಎರಡು ಮೂರು ಬೆಣೆ ಕೆತ್ತಿಕೊಳ್ಳಿ. ಸೌದೆಯ ತುದಿಯಲ್ಲಿ ಮೊದಲೇ ಬಿರುಕು ಇದ್ದರೆ ಬೆಣೆಯನ್ನು ಅಲ್ಲಿಗೆ ಇಟ್ಟು ಕಲ್ಲಿನಿಂದಲೋ ದೊಣ್ಣೆಯಿಂದಲೋ ಬಡಿಯಿರಿ. ಬಿರುಕು ಬಿಟ್ಟಂತೆಲ್ಲ ಮುಂದೆ ಇನ್ನೊಂದು ಬೆಣೆ. ಏಟು ತಿನ್ನುವುದು ಬೆಣೆ, ಚಾಕು ಜೇಬಲ್ಲಿ ಆರಾಮಾಗಿರುತ್ತದೆ.

ಕಲ್ಲಿಗೆ ಅಲಗು ತಾಗಿಸುವುದಂತೂ ಬೇಡವೇ ಬೇಡ. 2003ರ ಏಪ್ರಿಲ್‌ನಲ್ಲಿ ಅಮೆರಿಕದ ಯೂಟಾ ರಾಜ್ಯದ ಕಣಿವೆಯೊಂದರಲ್ಲಿ ಆರನ್ ರಾಲ್ಸ್‌ಟನ್ ಎಂಬ ಚಾರಣಿಗರ ಕೈ ಬಂಡೆಯಡಿ ಸಿಕ್ಕಿಕೊಂಡಿತು. ಅವರ ಹತ್ತಿರ ಇದ್ದದ್ದು ಅಗ್ಗದ ಮಲ್ಟಿಟೂಲ್, ಅಂದರೆ ಚಾಕು, ಇಕ್ಕಳ ಒಂದರಲ್ಲೇ ಇರುವ ಮಡಚು ಉಪಕರಣ. ಅದರಲ್ಲಿ ಬಂಡೆ ಕೆತ್ತಲು ನೋಡಿದರು, ಅಲಗು ಮೊಂಡಾದದ್ದೇ ಬಂತು. ಐದು ದಿನದ ಮೇಲೆ ಅದೇ ಉಪಕರಣದಿಂದ ತಮ್ಮ ಕೈ ಕತ್ತರಿಸಿಕೊಂಡು ಹೊರಬಂದರು. ಸರ್ವೈವಲ್ ಚಾಕು ಮಾರುವವರಿಗೆ ಈ ಕಥೆ ಬಹಳ ಇಷ್ಟ. ರಾಲ್ಸ್‌ಟನ್ ತಾವು ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಯಾರಿಗೂ ಹೇಳಿರಲಿಲ್ಲ ಅನ್ನೋ ಭಾಗವನ್ನು ಮಾತ್ರ ಬಿಟ್ಟುಬಿಡುತ್ತಾರೆ.

ಹೆಜ್ಜೆ 6: ಸಾಣೆ, ಎಣ್ಣೆ, ಮರಳು

ಚಾಕುವನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ: 90 ಡಿಗ್ರಿ. ಅರ್ಧ ಬಾಗಿಸಿ: 45. ಅದರಲ್ಲೂ ಅರ್ಧ: ಇಪ್ಪತ್ತೆರಡೂವರೆ. ಹೊರಗಿನ ಕೆಲಸದ ಚಾಕುವಿಗೆ ಅದೇ ಕೋನ ಸಾಕು. ಬಾಯಿಗೆ ಮಾರ್ಕರ್ ಪೆನ್ನಿನ ಬಣ್ಣ ಬಳಿದುಕೊಂಡು ಎರಡು ಸಲ ಮಸೆದು ನೋಡಿ. ಬಣ್ಣ ತುದಿಯವರೆಗೂ ಅಳಿಸಿದ್ದರೆ ಕೋನ ಸರಿ. ಮೇಲೆ ಮಾತ್ರ ಅಳಿಸಿದ್ದರೆ ಚಾಕುವನ್ನು ಸ್ವಲ್ಪ ಎತ್ತಿ. ಒಂದು ಬದಿ ಮಸೆದಾಗ ಇನ್ನೊಂದು ಬದಿಯಲ್ಲಿ ಉಗುರಿಗೆ ತಾಗುವಂಥ ಸಣ್ಣ ತರಿ ಏಳಬೇಕು. ಆಮೇಲೆ ಬದಿ ಬದಲಿಸಿ, ಕೊನೆಗೆ ಹಗುರವಾಗಿ ಎರಡೂ ಕಡೆ ನಾಲ್ಕು ಸಲ. ಹರಿತ ಬಂತಾ ಅಂತ ನೋಡಲು ಈ ಪುರವಣಿಯ ಹಾಳೆಯೇ ಸಾಕು. ಓದಿ ಮುಗಿದ ಮೇಲೆ ಗಾಳಿಯಲ್ಲಿ ಹಿಡಿದು ಕೊಯ್ಯಿರಿ. ಹರಿಯದೆ, ಎಲ್ಲೂ ತಡೆಯದೆ ಕೊಯ್ದರೆ ಆಯಿತು.

ಮಡಚು ಚಾಕುವಿನ ದೊಡ್ಡ ಶತ್ರು ಮರಳು. ಕೀಲಿನೊಳಗೆ ಹೊಕ್ಕರೆ ಕರಕರ ಅನ್ನುತ್ತದೆ, ಲಾಕ್ ಇರುವ ಜಾಗದಲ್ಲಿ ಕೂತರೆ ಲಾಕ್ ಪೂರ್ತಿ ಬೀಳುವುದಿಲ್ಲ. ಊರಿಗೆ ಬಂದ ಮೇಲೆ ಬೆಚ್ಚನೆ ನೀರಲ್ಲಿ ತೆರೆದು ಮುಚ್ಚಿ ಜಾಲಿಸಿ, ಚೆನ್ನಾಗಿ ಒಣಗಿಸಿ, ಕೀಲಿಗೆ ಒಂದೇ ಹನಿ ಎಣ್ಣೆ ಬಿಡಿ. ಜಾಸ್ತಿ ಬಿಟ್ಟರೆ ದೂಳು ಮೆತ್ತಿಕೊಳ್ಳುತ್ತದೆ. ಉಪ್ಪುನೀರು ತಾಗಿದ್ದರೆ ಮನೆಗೆ ಬರುವವರೆಗೂ ಕಾಯಬೇಡಿ, ಸ್ಟೇನ್‌ಲೆಸ್‌ಗೂ ತುಕ್ಕು ಹಿಡಿಯುತ್ತದೆ.

ಹೆಜ್ಜೆ 7: ಹೊರಡುವಾಗ

ಹೋಗುವ ಜಾಗದಲ್ಲಿ ಚಾಕು ಒಯ್ಯುವ ನಿಯಮ ಏನಿದೆ ನೋಡಿಕೊಳ್ಳಿ. ಅಲಗಿನ ಉದ್ದ, ಲಾಕ್, ಸ್ಪ್ರಿಂಗ್‌ನಿಂದ ತೆರೆಯುವ ಬಗೆ, ಇವುಗಳ ಮೇಲೆ ದೇಶಕ್ಕೊಂದು ಕಾನೂನಿದೆ. ವಿಮಾನದಲ್ಲಾದರೆ ಕೈಚೀಲದಲ್ಲಿ ಬೇಡ, ಲಗೇಜಿಗೆ ಹಾಕಿ. ಕೂತು ಕೆತ್ತುವಾಗ ಚಾಕು ಎರಡು ತೊಡೆಗಳ ನಡುವೆ ಬರಕೂಡದು, ಅಲ್ಲಿ ದೊಡ್ಡ ರಕ್ತನಾಳ ಇದೆ. ಮಂಡಿಯಿಂದ ಆಚೆಗೆ ಕೆತ್ತಿ. ಯಾರಿಗಾದರೂ ಕೊಡುವಾಗ ಮಡಚಿ ಕೊಡಿ.

ಇನ್ನೊಂದು ಸಣ್ಣ ಕೆಲಸ. ಹಿಡಿಯ ತೂತಿಗೆ ಕೆಂಪೋ ಕಿತ್ತಳೆಯೋ ಬಣ್ಣದ ದಾರ ಕಟ್ಟಿಕೊಳ್ಳಿ. ನನ್ನ ಆ ಕಪ್ಪು ಚಾಕುವಿಗೆ ಕಟ್ಟಿರಲಿಲ್ಲ. ಬೆರಳಿಗೆ ಪಟ್ಟಿ ಸುತ್ತಿಕೊಳ್ಳೋಣ ಅಂತ ಹುಲ್ಲಿನ ಮೇಲೆ ಇಟ್ಟವನು, ಕತ್ತಲಾದ ಮೇಲೆ ಟಾರ್ಚು ಹಿಡಿದು ಅರ್ಧ ಗಂಟೆ ಹುಡುಕಿದೆ. ಆ ಪುಟ್ಟ ಟಾರ್ಚು ಇದ್ದದ್ದೂ ಚಾಕುವಿನ ಹಿಡಿಯಲ್ಲೇ, ಹಾಗಾಗಿ ಗೆಳೆಯನದನ್ನು ಕೇಳಿ ಪಡೆಯಬೇಕಾಯಿತು. ಚಾಕು ಮಾತ್ರ ಸಿಗಲಿಲ್ಲ.