ಕರ್ನಲ್ ಬೂಟ್ ಆಗ್ತಿಲ್ವಾ? ಫಾರ್ಮ್ಯಾಟ್ ಮಾಡುವ ಮುಂಚೆ ಇಷ್ಟು ನೋಡಿ

ರಾತ್ರಿ ಅಪ್‌ಡೇಟ್ ಹಾಕಿ ಮಲಗಿರುತ್ತೀರಿ. ಬೆಳಿಗ್ಗೆ ಆನ್ ಮಾಡಿದರೆ ಕಪ್ಪು ಸ್ಕ್ರೀನ್, ಇಲ್ಲವೇ ಇಂಗ್ಲಿಷ್ ಸಾಲುಗಳ ರಾಶಿ, ಕೊನೆಗೆ ‘ಕರ್ನಲ್ ಪ್ಯಾನಿಕ್’. ಕರ್ನಲ್ ಅಂದರೆ ಲಿನಕ್ಸಿನ ತಿರುಳು, ಯಂತ್ರವನ್ನು ನಡೆಸುವ ಭಾಗ. ಅದು ಮುಂದೆ ಹೋಗಲಾಗದೆ ನಿಂತುಬಿಡುವುದೇ ಪ್ಯಾನಿಕ್. ಲಿನಕ್ಸ್ ಬಳಸುವವರು ಒಂದಲ್ಲ ಒಂದು ದಿನ ಇದನ್ನು ನೋಡೇ ನೋಡುತ್ತಾರೆ. ಆಗ ಪೆನ್‌ಡ್ರೈವ್ ಹುಡುಕಿಕೊಂಡು ಫಾರ್ಮ್ಯಾಟ್ ಮಾಡಲು ಹೊರಡಬೇಡಿ. ನಿಮ್ಮ ಫೋಟೊ, ಫೈಲುಗಳು ಸಾಮಾನ್ಯವಾಗಿ ಇದ್ದಲ್ಲೇ ಇರುತ್ತವೆ.

ಇಲ್ಲಿ ಕಮಾಂಡುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ. ನೀವು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ. ಉದಾಹರಣೆಗಳು ಉಬುಂಟು, ಡೆಬಿಯನ್ ಬಳಸುವವರಿಗೆ.

ಮೊದಲು ಹಳೆ ಕರ್ನಲ್‌ಗೆ ಹೋಗಿ

ಕಂಪ್ಯೂಟರ್ ಆನ್ ಆದ ಕೂಡಲೇ ಎಸ್ಕೇಪ್ ಕೀ ಒತ್ತಿ. ತುಂಬಾ ಹಳೆ ಬಯೋಸ್ ಆದರೆ ಶಿಫ್ಟ್ ಹಿಡಿದುಕೊಳ್ಳಿ. ಯಾವ ಕರ್ನಲ್ ಶುರುವಾಗಬೇಕು ಎಂದು ಆರಿಸುವ ಗ್ರಬ್ ಮೆನು ಬರುತ್ತದೆ. ಅದರಲ್ಲಿ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗೆ ಹೋದರೆ ಹಿಂದಿನ ಕರ್ನಲ್ ಕೂಡ ಪಟ್ಟಿಯಲ್ಲಿರುತ್ತದೆ. ಅದನ್ನು ಆರಿಸಿ. ಅದು ಬೂಟ್ ಆಯ್ತಾ? ಹಾಗಾದರೆ ಡಿಸ್ಕು, ರ್‍ಯಾಮ್ ಬಗ್ಗೆ ಸದ್ಯಕ್ಕೆ ಚಿಂತೆ ಬೇಡ, ತೊಂದರೆ ಹೊಸ ಕರ್ನಲ್‌ನದ್ದು ಅಥವಾ ಅದನ್ನು ಹಾಕುವಾಗ ಆದದ್ದು.

ಈಗ ರೀಸ್ಟಾರ್ಟ್ ಮಾಡಿ, ಮೆನುವಿನಲ್ಲಿ ಹೊಸ ಕರ್ನಲ್ ಮೇಲೆ ನಿಂತು ‘ಇ’ ಕೀ ಒತ್ತಿ. ‘ಲಿನಕ್ಸ್’ ಅಂತ ಶುರುವಾಗುವ ಉದ್ದ ಸಾಲು ಕಾಣುತ್ತದೆ. ಅದರ ಕೊನೆಯಲ್ಲಿರುವ ‘ಕ್ವಯಟ್ ಸ್ಪ್ಲ್ಯಾಶ್’ ಎಂಬ ಎರಡು ಪದ ಅಳಿಸಿ, ಕಂಟ್ರೋಲ್ ಜೊತೆ ಎಕ್ಸ್ ಒತ್ತಿ. ಇಲ್ಲಿ ಮಾಡಿದ ಬದಲಾವಣೆ ಆ ಒಂದು ಬೂಟ್‌ಗೆ ಮಾತ್ರ. ತಪ್ಪಾದರೂ ರೀಸ್ಟಾರ್ಟ್ ಮಾಡಿದರೆ ಮೊದಲಿನಂತೆಯೇ ಇರುತ್ತದೆ, ಅದಕ್ಕೇ ಧೈರ್ಯವಾಗಿ ಪ್ರಯತ್ನಿಸಿ.

ನಿಂತ ಸ್ಕ್ರೀನಿನ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಇದು ಬಹಳ ಮುಖ್ಯ. ರೂಟ್ ಡಿಸ್ಕ್ (ಸಿಸ್ಟಮ್ ಇರುವ ಡಿಸ್ಕ್) ಮೌಂಟ್ ಆಗುವ, ಅಂದರೆ ತೆರೆದುಕೊಳ್ಳುವ ಮೊದಲೇ ಕರ್ನಲ್ ಬಿದ್ದರೆ ಡಿಸ್ಕಿನಲ್ಲಿ ಲಾಗ್ ಬರೆಯಲು ಜಾಗವೇ ಸಿಕ್ಕಿರುವುದಿಲ್ಲ. ಆಮೇಲೆ ಲಾಗ್ ತೋರಿಸುವ ‘ಜರ್ನಲ್‌ಸಿಟಿಎಲ್’ನಲ್ಲಿ ಎಷ್ಟು ಹುಡುಕಿದರೂ ಏನೂ ಸಿಗುವುದಿಲ್ಲ.

ಕಣ್ಣಿಗೆ ಬಿದ್ದ ಸಾಲೇ ಕಾರಣ ಅಂದುಕೊಳ್ಳಬೇಡಿ

ನನ್ನ ಎಎಂಡಿ ಡೆಸ್ಕ್‌ಟಾಪ್ ಹೀಗೆ ನಿಂತಾಗ ಫೋಟೊದಲ್ಲಿ ಎರಡು ಸಾಲು ಕಂಡವು. ಮೇಲೆ ‘ಎಎಂಡಿ_ಪಿಸ್ಟೇಟ್: ದಿ _ಸಿಪಿಸಿ ಆಬ್ಜೆಕ್ಟ್ ಈಸ್ ನಾಟ್ ಪ್ರೆಸೆಂಟ್’. ಕೆಳಗೆ ‘ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)’. ಮೊದಲನೆಯದು ಪ್ರೊಸೆಸರ್ ವೇಗ ನಿಯಂತ್ರಿಸುವ ಡ್ರೈವರಿನ ಸಾಲು. ಅದೇ ಕಾರಣ ಅಂದುಕೊಂಡು ಎರಡು ರಾತ್ರಿ ಆ ಡ್ರೈವರಿನ ಹಿಂದೆಯೇ ಬಿದ್ದೆ.

ನಿಜವಾಗಿ ಆಗಿದ್ದೇ ಬೇರೆ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ್ದರಿಂದ ಕರ್ನಲ್ ಫೈಲುಗಳಿರುವ /ಬೂಟ್ ಒಂದು ಸಣ್ಣ ಪ್ರತ್ಯೇಕ ಪಾರ್ಟಿಷನ್ ಆಗಿತ್ತು, ಹಳೆ ಕರ್ನಲ್‌ಗಳಿಂದ ಅದು ತುಂಬಿಹೋಗಿತ್ತು, ಹಾಗಾಗಿ ಹೊಸ ಕರ್ನಲ್ ಬಂದು ಕೂತರೂ ಅದರ ಜೊತೆಗಿರಬೇಕಾದ ಇನಿಟ್‌ರಾಮ್‌ಎಫ್‌ಎಸ್ ಫೈಲ್ ತಯಾರಾಗಿರಲಿಲ್ಲ. ಡಿಸ್ಕನ್ನು ತೆರೆಯಲು ಬೇಕಾದ ಡ್ರೈವರುಗಳು ಇರುವುದೇ ಆ ಫೈಲಿನಲ್ಲಿ. ಅದಿಲ್ಲದೆ ಕರ್ನಲ್‌ಗೆ ರೂಟ್ ಡಿಸ್ಕ್ ಸಿಗುವುದಿಲ್ಲ. ಸೊನ್ನೆ ಕಾಮಾ ಸೊನ್ನೆ ಅಂದರೆ ಅದೇ ಅರ್ಥ.

ಈ ಸಾಲು ನಿಮಗೂ ಕಂಡರೆ ಹಳೆ ಕರ್ನಲ್‌ನಲ್ಲಿ ಬೂಟ್ ಆಗಿ ‘ಡಿಎಫ್ -ಎಚ್ /ಬೂಟ್’ ಕೊಟ್ಟು ಜಾಗ ನೋಡಿ. ನೂರಕ್ಕೆ ನೂರು ತುಂಬಿದ್ದರೆ ‘ಸುಡೊ ಆಪ್ಟ್ ಆಟೊರಿಮೂವ್’ ಮಾಡಿ. ನಂತರ ‘ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಸಿ -ಕೆ’ ಬರೆದು ಮುಂದೆ ಹೊಸ ಕರ್ನಲ್‌ನ ಪೂರ್ತಿ ವರ್ಷನ್ ಹೆಸರು ಹಾಕಿ. ಕೊನೆಗೆ ‘ಸುಡೊ ಅಪ್‌ಡೇಟ್-ಗ್ರಬ್’. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋಗಿದ್ದರೆ ಇದಕ್ಕೆಲ್ಲ ಮೊದಲು ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಕೊಡಿ, ಅರ್ಧಕ್ಕೆ ನಿಂತ ಕೆಲಸ ಮುಗಿಯುತ್ತದೆ.

ಯಾವ ಸಾಲೂ ಇಲ್ಲದೆ ಬರೀ ಕಪ್ಪು ಸ್ಕ್ರೀನ್ ಇದ್ದರೆ ಗ್ರಾಫಿಕ್ಸ್ ಮೇಲೆ ಅನುಮಾನ ಪಡಿ. ಅದೇ ಉದ್ದ ಸಾಲಿನ ಕೊನೆಗೆ ‘ನೊಮೋಡ್‌ಸೆಟ್’ ಸೇರಿಸಿ ನೋಡಿ. ಸಾಲುಗಳು ಓಡುತ್ತಾ ಎಲ್ಲೋ ಗಕ್ಕನೆ ನಿಂತರೆ ‘ಇನಿಟ್‌ಕಾಲ್_ಡಿಬಗ್ ಇಗ್ನೋರ್_ಲಾಗ್‌ಲೆವೆಲ್’ ಎರಡನ್ನೂ ಸೇರಿಸಿ, ಎರಡನೆಯದಿಲ್ಲದೆ ಆ ಸಾಲುಗಳು ಸ್ಕ್ರೀನಿಗೆ ಬರುವುದಿಲ್ಲ. ಆಗ ಕರ್ನಲ್ ಪ್ರತಿ ಡ್ರೈವರ್ ಶುರುಮಾಡುವ ಮುಂಚೆ ಅದರ ಹೆಸರು ಬರೆಯುತ್ತದೆ. ಶುರುವಾಗಿ ಮುಗಿಯದೇ ಉಳಿದದ್ದು ಯಾವುದೋ ಅಲ್ಲಿಂದ ಹುಡುಕಲು ಶುರುಮಾಡಬಹುದು.

ಹಾಗಾದರೆ ವೇಗದ ಡ್ರೈವರ್ ಕಥೆ ಏನು?

ಈ ಡ್ರೈವರಿಂದಲೇ ಬೂಟ್ ನಿಲ್ಲುವುದು ಕಡಿಮೆ. ಒಂದು ಹೊಂದದಿದ್ದರೆ ಕರ್ನಲ್ ಇನ್ನೊಂದನ್ನು ಹಿಡಿಯುತ್ತದೆ. ನನ್ನ ಯಂತ್ರದಲ್ಲೂ ಎಎಂಡಿ-ಪಿಸ್ಟೇಟ್ ಬಿಟ್ಟು ಎಸಿಪಿಐ-ಸಿಪಿಯುಫ್ರೀಕ್ ಓಡುತ್ತಿತ್ತು, ಅಷ್ಟೇ. ಆದರೂ ಹೊಸ ಕರ್ನಲ್‌ನಲ್ಲಿ ಇದರ ಮೇಲೇ ಅನುಮಾನ ಇದ್ದರೆ ಪರೀಕ್ಷಿಸುವುದು ಸುಲಭ. ಇಂಟೆಲ್ ಆದರೆ ‘ಇಂಟೆಲ್_ಪಿಸ್ಟೇಟ್=ಡಿಸೇಬಲ್’, ಎಎಂಡಿ ಆದರೆ ‘ಎಎಂಡಿ_ಪಿಸ್ಟೇಟ್=ಡಿಸೇಬಲ್’ ಸೇರಿಸಿ ಬೂಟ್ ಮಾಡಿ. ಮಧ್ಯೆ ಸ್ಪೇಸ್ ಬೇಡ. ಅದಕ್ಕೂ ಆಗದಿದ್ದರೆ ‘ಸಿಪಿಯುಫ್ರೀಕ್.ಆಫ್=1’ ಹಾಕಿದರೆ ಈ ಇಡೀ ವ್ಯವಸ್ಥೆಯೇ ಬಂದ್ ಆಗುತ್ತದೆ. ಆಗಲೂ ಅದೇ ಜಾಗದಲ್ಲಿ ನಿಂತರೆ ಈ ಡ್ರೈವರನ್ನು ಬಿಟ್ಟುಬಿಡಿ, ತಪ್ಪು ಬೇರೆ ಕಡೆ ಇದೆ. ಒಂದು ಸಲಕ್ಕೆ ಒಂದೇ ಆಪ್ಷನ್ ಬದಲಿಸಿ. ನಾಲ್ಕು ಒಟ್ಟಿಗೆ ಹಾಕಿದರೆ ಯಾವುದು ಕೆಲಸ ಮಾಡಿತು ಅಂತ ಹೇಗೆ ಗೊತ್ತಾಗಬೇಕು, ಅಲ್ವಾ?

ಇಂಟೆಲ್ ಪಿಸ್ಟೇಟ್ ಬಂದದ್ದು 2013ರಲ್ಲಿ, 3.9 ಕರ್ನಲ್ ಜೊತೆ. ಎಎಂಡಿಯದ್ದು 2022ರಲ್ಲಿ, 5.17ರ ಜೊತೆ. ಎಎಂಡಿಯದ್ದಕ್ಕೆ ಬಯೋಸ್‌ನಲ್ಲಿ ಸಿಪಿಪಿಸಿ (ಪ್ರೊಸೆಸರ್ ವೇಗದ ಮಾಹಿತಿಯನ್ನು ಕರ್ನಲ್‌ಗೆ ಕೊಡುವ ವ್ಯವಸ್ಥೆ) ಆನ್ ಇರಬೇಕು. ಈಗ ಯಾವುದು ಓಡುತ್ತಿದೆ ಎಂದು ತಿಳಿಯಲು /ಸಿಸ್/ಡಿವೈಸಸ್/ಸಿಸ್ಟಮ್/ಸಿಪಿಯು/ಸಿಪಿಯು0/ಸಿಪಿಯುಫ್ರೀಕ್ ಒಳಗಿನ ‘ಸ್ಕೇಲಿಂಗ್_ಡ್ರೈವರ್’ ಫೈಲ್ ನೋಡಿ. ಪಕ್ಕದಲ್ಲೇ ‘ಸ್ಕೇಲಿಂಗ್_ಗವರ್ನರ್’ ಇರುತ್ತದೆ, ವೇಗ ಯಾವಾಗ ಏರಬೇಕು, ಇಳಿಯಬೇಕು ಎಂಬ ನಿಯಮದ (ಗವರ್ನರ್) ಹೆಸರು ಅದರಲ್ಲಿರುತ್ತದೆ.

ಅದರಲ್ಲಿ ‘ಪವರ್‌ಸೇವ್’ ಅಂತ ಕಂಡರೆ ತುಂಬಾ ಜನ ಗಾಬರಿಯಾಗುತ್ತಾರೆ. ಇಂಟೆಲ್ ಪಿಸ್ಟೇಟ್ ಆಕ್ಟಿವ್ ಮೋಡ್‌ನಲ್ಲಿದ್ದರೆ ಗಾಬರಿ ಬೇಡ, ಅಲ್ಲಿ ಇರುವುದೇ ಪರ್ಫಾರ್ಮೆನ್ಸ್, ಪವರ್‌ಸೇವ್ ಎಂಬ ಎರಡು, ಪವರ್‌ಸೇವ್ ಇದ್ದರೂ ಕೆಲಸ ಜಾಸ್ತಿಯಾದಾಗ ವೇಗ ಏರುತ್ತದೆ. ಆದರೆ ಎಸಿಪಿಐ-ಸಿಪಿಯುಫ್ರೀಕ್‌ನಲ್ಲಿ ಅದೇ ಹೆಸರಿನ ಗವರ್ನರ್ ವೇಗವನ್ನು ಅತಿ ಕಡಿಮೆಗೆ ಕಟ್ಟಿಹಾಕುತ್ತದೆ. ಡ್ರೈವರ್ ಬದಲಿಸಿದ ಮೇಲೆ ಕಂಪ್ಯೂಟರ್ ಆಮೆಯಾದರೆ ಮೊದಲು ಇದನ್ನೇ ನೋಡಿ. ಗವರ್ನರನ್ನು ‘ಶೆಡ್‌ಯುಟಿಲ್’ಗೆ ಬದಲಿಸಿದರೆ ಸರಿಹೋಗುತ್ತದೆ.

ಕರ್ನಲ್ ನೀವೇ ಕಂಪೈಲ್ ಮಾಡುವವರಾದರೆ ‘ಸಿಪಿಯು ಫ್ರೀಕ್ವೆನ್ಸಿ ಸ್ಕೇಲಿಂಗ್’ ಮೆನುವಿನಲ್ಲಿ ಸಿಕ್ಕಿದ್ದನ್ನೆಲ್ಲ ಸುಮ್ನೆ ಆನ್ ಮಾಡಬೇಡಿ. ಪೆಂಟಿಯಂ 4ರ ಕ್ಲಾಕ್ ಮಾಡ್ಯುಲೇಷನ್ ಡ್ರೈವರ್ ವೇಗ ಇಳಿಸುತ್ತದೆ, ವಿದ್ಯುತ್ ಉಳಿಸುವುದು ಅಷ್ಟಕ್ಕಷ್ಟೇ. ಅದಕ್ಕಿಂತ ಮುಖ್ಯ, ಇನಿಟ್‌ರಾಮ್‌ಎಫ್‌ಎಸ್ ಇಲ್ಲದೆ ಬೂಟ್ ಮಾಡುವುದಾದರೆ ಡಿಸ್ಕ್ ಕಂಟ್ರೋಲರ್ ಮತ್ತು ಎಕ್ಸ್‌ಟಿ4 ಫೈಲ್‌ಸಿಸ್ಟಮ್ ಎರಡಕ್ಕೂ ‘ಎಂ’ (ಬೇರೆ ಮಾಡ್ಯೂಲ್ ಫೈಲ್) ಅಲ್ಲ, ‘ವೈ’ (ಕರ್ನಲ್ ಒಳಗೇ) ಕೊಡಿ. ‘ಲೋಕಲ್ ವರ್ಷನ್’ ಜಾಗದಲ್ಲಿ ನಿಮ್ಮದೇ ಒಂದು ಹೆಸರು ಹಾಕಿ, ಆಗ ಅದೇ ವರ್ಷನ್‌ನ ಹಳೆಯ ಬಿಲ್ಡ್ ಮೇಲೆ ಹೊಸದು ಕೂರುವುದಿಲ್ಲ.

ಪರೀಕ್ಷಿಸಿ ಗೆದ್ದ ಆಪ್ಷನ್ನನ್ನು ಮಾತ್ರ /ಇಟಿಸಿ/ಡೀಫಾಲ್ಟ್/ಗ್ರಬ್ ಫೈಲಿನ ‘ಗ್ರಬ್_ಸಿಎಂಡಿಲೈನ್_ಲಿನಕ್ಸ್_ಡೀಫಾಲ್ಟ್’ ಸಾಲಿಗೆ ಸೇರಿಸಿ, ‘ಸುಡೊ ಅಪ್‌ಡೇಟ್-ಗ್ರಬ್’ ಕೊಡಿ. ಮುಂದಿನ ಬೂಟ್ ಆದಮೇಲೆ /ಪ್ರಾಕ್/ಸಿಎಂಡಿಲೈನ್ ತೆರೆದು ಅದು ನಿಜಕ್ಕೂ ಹತ್ತಿದೆಯಾ ನೋಡಿ. ನನಗೆ ಕೊನೆಗೆ ಯಾವ ಆಪ್ಷನ್ನೂ ಬೇಕಾಗಲಿಲ್ಲ. /ಬೂಟ್‌ನಲ್ಲಿ ಜಾಗ ಮಾಡಿ ಇನಿಟ್‌ರಾಮ್‌ಎಫ್‌ಎಸ್ ಕಟ್ಟಿದೆ, ಬಯೋಸ್‌ನಲ್ಲಿ ಸಿಪಿಪಿಸಿ ಆನ್ ಮಾಡಿದೆ. ಆ ಎಚ್ಚರಿಕೆಯ ಸಾಲು ಮಾಯವಾಗಿ, ಈಗ ಸ್ಕೇಲಿಂಗ್_ಡ್ರೈವರ್‌ನಲ್ಲಿ ‘ಎಎಂಡಿ-ಪಿಸ್ಟೇಟ್-ಇಪಿಪಿ’ ಅಂತ ಬರುತ್ತಿದೆ.