ಗ್ರೀನ್ ಬೇಯ ಕರ್ಲಿ ಲ್ಯಾಂಬೋ: ವಿಸ್ಕಾನ್ಸಿನ್‌ಗೆ ಹೊಸದಾಗಿ ಬಂದ ಕನ್ನಡಿಗರು ತಿಳಿದಿರಬೇಕಾದ ಒಂದು ವೃತ್ತಿಜೀವನ

ವಿಸ್ಕಾನ್ಸಿನ್ ರಾಜ್ಯಕ್ಕೆ ಕೆಲಸಕ್ಕೋ ಓದಿಗೋ ಬಂದಿಳಿದ ಕನ್ನಡಿಗರಿಗೆ ಬಾಡಿಗೆ ಮನೆ, ಡ್ರೈವಿಂಗ್ ಲೈಸೆನ್ಸ್, ಚಳಿಗಾಲದ ಜಾಕೆಟ್ ಇವುಗಳ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಆದರೆ ಸೆಪ್ಟೆಂಬರಿನಿಂದ ಜನವರಿಯವರೆಗೆ ಭಾನುವಾರ ಮಧ್ಯಾಹ್ನ ರಸ್ತೆಗಳು ಏಕೆ ಖಾಲಿಯಾಗುತ್ತವೆ, ಸೋಮವಾರ ಬೆಳಿಗ್ಗೆ ಕಚೇರಿಯಲ್ಲಿ ಎಲ್ಲರೂ 'ನಾವು ಗೆದ್ದೆವು', 'ನಾವು ಸೋತೆವು' ಎಂದು ತಮ್ಮ ಮನೆಯ ಸಂಗತಿಯೆಂಬಂತೆ ಏಕೆ ಮಾತನಾಡುತ್ತಾರೆ ಎಂಬುದನ್ನು ಯಾರೂ ಕೂರಿಸಿಕೊಂಡು ವಿವರಿಸುವುದಿಲ್ಲ. ಗ್ರೀನ್ ಬೇ ಪ್ಯಾಕರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ತಂಡವನ್ನು ಅರಿಯದೆ ಇಲ್ಲಿನ ಜನರನ್ನು ಅರಿಯುವುದು ಕಷ್ಟ. ಆ ತಂಡವನ್ನು ಅರಿಯಲು ಅದನ್ನು ಕಟ್ಟಿ, ಅದರಲ್ಲಿ ಆಡಿ, ಮೂರು ದಶಕಗಳ ಕಾಲ ಅದನ್ನು ನಡೆಸಿದ ಕರ್ಲಿ ಲ್ಯಾಂಬೋ ಅವರ ವೃತ್ತಿಜೀವನಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ತಂಡದ ಕ್ರೀಡಾಂಗಣದ ಹೆಸರು ಲ್ಯಾಂಬೋ ಫೀಲ್ಡ್ ಎಂಬುದನ್ನು ನೀವು ಮೊದಲ ವಾರದಲ್ಲೇ ಕೇಳಿರುತ್ತೀರಿ. ಆ ಹೆಸರಿನ ಮನುಷ್ಯ ಯಾರೆಂಬುದು ಇಲ್ಲೇ ಹುಟ್ಟಿ ಬೆಳೆದ ಎಷ್ಟೋ ಯುವಕರಿಗೂ ಸರಿಯಾಗಿ ಗೊತ್ತಿರುವುದಿಲ್ಲ.

ಅರ್ಲ್ ಲೂಯಿಸ್ ಲ್ಯಾಂಬೋ ಹುಟ್ಟಿದ್ದು 1898ರ ಏಪ್ರಿಲ್ 9ರಂದು, ಗ್ರೀನ್ ಬೇ ಊರಿನಲ್ಲೇ, ಬೆಲ್ಜಿಯಂ ಮೂಲದ ಕುಟುಂಬದಲ್ಲಿ. ಗುಂಗುರು ಕೂದಲಿನ ಕಾರಣಕ್ಕೆ ಕರ್ಲಿ ಎಂಬ ಅಡ್ಡಹೆಸರು ಅಂಟಿಕೊಂಡಿತು. ಊರಿನ ಈಸ್ಟ್ ಹೈಸ್ಕೂಲಿನಲ್ಲಿ ಫುಟ್‌ಬಾಲಿನಿಂದ ಹೆಸರು ಮಾಡಿ, 1918ರಲ್ಲಿ ಇಂಡಿಯಾನಾದ ನೋಟರ್ ಡೇಮ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಮುಖ್ಯ ಕೋಚ್ ಆಗಿ ನೂಟ್ ರಾಕ್ನಿ ಅವರಿಗೆ ಅದು ಮೊದಲನೆಯ ವರ್ಷ. ಚೆಂಡನ್ನು ಎಸೆದು ಆಡುವ ಆಟದ ಮೇಲೆ ಲ್ಯಾಂಬೋ ಅವರಿಗಿದ್ದ ನಂಬಿಕೆಗೆ ಅಲ್ಲಿನ ಪಾಠವೂ ಒಂದು ಕಾರಣವೆಂದು ಹೇಳಬಹುದು. ಆದರೆ ಗಂಟಲಿನ ಟಾನ್ಸಿಲ್ ತೊಂದರೆಯಿಂದ ಅವರು ಊರಿಗೆ ಮರಳಬೇಕಾಯಿತು, ಮತ್ತೆ ಕಾಲೇಜಿಗೆ ಹೋಗಲಿಲ್ಲ. ಮಾಂಸವನ್ನು ಡಬ್ಬಿಗಳಲ್ಲಿ ತುಂಬಿ ಮಾರುವ ಇಂಡಿಯನ್ ಪ್ಯಾಕಿಂಗ್ ಕಂಪನಿಯಲ್ಲಿ, ಸರಕು ಸಾಗಣೆಯ ವಿಭಾಗದಲ್ಲಿ ಗುಮಾಸ್ತರಾಗಿ ಸೇರಿದರು. ತಿಂಗಳ ಸಂಬಳ 250 ಡಾಲರ್. ಇಪ್ಪತ್ತೊಂದು ವರ್ಷದ ಯುವಕನಿಗೆ ಆ ಕಾಲಕ್ಕೆ ಅದು ಒಳ್ಳೆಯ ಸಂಬಳ.

ಸ್ಥಳೀಯ ಪತ್ರಿಕೆ ಗ್ರೀನ್ ಬೇ ಪ್ರೆಸ್-ಗೆಜೆಟ್‌ನಲ್ಲಿ ಕ್ರೀಡಾ ಪುಟ ನೋಡಿಕೊಳ್ಳುತ್ತಿದ್ದ ಜಾರ್ಜ್ ವಿಟ್ನಿ ಕ್ಯಾಲ್‌ಹೂನ್ ಅವರೊಂದಿಗೆ ಲ್ಯಾಂಬೋ ಸಮಾಲೋಚಿಸಿ, 1919ರ ಆಗಸ್ಟ್ 11ರ ಸಂಜೆ ಆ ಪತ್ರಿಕೆಯ ಕಚೇರಿಯಲ್ಲೇ ಊರಿನ ಆಟಗಾರರ ಸಭೆ ಸೇರಿಸಿದರು. ಸಮವಸ್ತ್ರಕ್ಕೆಂದು ಕಂಪನಿ 500 ಡಾಲರ್ ಕೊಟ್ಟು, ಅಭ್ಯಾಸಕ್ಕೆ ತನ್ನ ಜಾಗವನ್ನೂ ಬಿಟ್ಟುಕೊಟ್ಟಿತು. ತಂಡಕ್ಕೆ ಪ್ಯಾಕರ್ಸ್ ಎಂಬ ಹೆಸರು ಬಂದದ್ದು ಆ ಕಾರ್ಖಾನೆಯಿಂದಲೇ. ಮೊದಲ ಸಾಲಿನಲ್ಲಿ ವಿಸ್ಕಾನ್ಸಿನ್ ಮತ್ತು ಉತ್ತರ ಮಿಷಿಗನ್ನಿನ ಊರುಗಳ ತಂಡಗಳೊಂದಿಗೆ ಆಡಿ ಹತ್ತು ಪಂದ್ಯ ಗೆದ್ದು ಒಂದನ್ನು ಮಾತ್ರ ಸೋತರು. ಹೇಗೆಮೈಸ್ಟರ್ ಪಾರ್ಕಿನಲ್ಲಿ ಆಗ ಬೇಲಿಯೂ ಇರಲಿಲ್ಲ, ಟಿಕೆಟ್ಟೂ ಇರಲಿಲ್ಲ. ಪಂದ್ಯದ ನಡುವೆ ಪ್ರೇಕ್ಷಕರ ನಡುವೆ ಟೋಪಿ ಹಿಡಿದು ಹೋಗಿ, ಅದರಲ್ಲಿ ಬಿದ್ದಷ್ಟು ಚಿಲ್ಲರೆಯನ್ನು ಸಂಗ್ರಹಿಸುತ್ತಿದ್ದರು. ಇಂದು ಕೋಟ್ಯಂತರ ಡಾಲರ್ ವ್ಯವಹಾರವಾಗಿರುವ ಈ ಆಟವನ್ನು ಟಿ.ವಿ.ಯಲ್ಲಿ ನೋಡುವಾಗ ಆ ಟೋಪಿಯನ್ನು ನೆನಪಿಟ್ಟುಕೊಳ್ಳಿ ಎಂದು ನಾನು ಹೊಸಬರಿಗೆ ಹೇಳುವುದುಂಟು.

ಮುಂದೆ ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂದು ಹೆಸರಾದ ವೃತ್ತಿಪರ ಸಂಘಕ್ಕೆ ಪ್ಯಾಕರ್ಸ್ ಸೇರಿದ್ದು 1921ರಲ್ಲಿ. ಲ್ಯಾಂಬೋ ಕೋಚ್ ಆಗಿಯೂ ಆಟಗಾರರಾಗಿಯೂ ಕಣಕ್ಕಿಳಿಯುತ್ತಿದ್ದರು. ಚೆಂಡು ಹಿಡಿದು ಓಡುವುದು, ಎಸೆಯುವುದು, ಒದ್ದು ಅಂಕ ಗಳಿಸುವುದು ಮೂರೂ ಅವರ ಪಾಲಿಗಿದ್ದವು. ಆಟಗಾರನ ಪಾತ್ರ 1929ರವರೆಗೆ ಮುಂದುವರಿಯಿತು. ಆದರೆ ಲೀಗಿನ ಮೊದಲ ವರ್ಷವೇ ತಂಡ ದೊಡ್ಡ ತಪ್ಪು ಮಾಡಿತು. ಇನ್ನೂ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗರನ್ನು ಸುಳ್ಳು ಹೆಸರಿನಲ್ಲಿ ಆಡಿಸಿದ್ದು ಬಯಲಾಗಿ, 1922ರ ಜನವರಿಯಲ್ಲಿ ತಂಡ ಲೀಗಿನಿಂದ ಹೊರಬಿತ್ತು. ಅಂದಿನ ಅನೇಕ ತಂಡಗಳು ಇದನ್ನೇ ಮಾಡುತ್ತಿದ್ದವೆಂಬುದು ನಿಜವಾದರೂ ಅದು ತಪ್ಪೇ ಆಗಿತ್ತು, ಮತ್ತು ಅದರ ಹೊಣೆ ಲ್ಯಾಂಬೋ ಅವರದೇ. ಅದೇ ಬೇಸಿಗೆಯಲ್ಲಿ ಶುಲ್ಕ ಕಟ್ಟಿ ತಂಡದ ಹಕ್ಕನ್ನು ತಮ್ಮ ಕೈಗೆ ಮರಳಿ ಪಡೆದವರೂ ಅವರೇ.

ಇನ್ನು ಮುಂದಿನ ಭಾಗವನ್ನು ನೀವು ನಿಧಾನವಾಗಿ ಓದಬೇಕು, ಏಕೆಂದರೆ ಇಲ್ಲಿನವರ 'ನಾವು' ಎಂಬ ಮಾತಿನ ಬೇರು ಇರುವುದು ಇಲ್ಲಿ. 1922ರಲ್ಲಿ ಮಳೆ ತಂಡವನ್ನು ಬಿಡದೆ ಕಾಡಿತು. ಪ್ರೇಕ್ಷಕರು ಬಾರದೆ ನಷ್ಟವಾದೀತೆಂದು ಒಂದು ಪಂದ್ಯಕ್ಕೆ ಮಳೆಯ ವಿಮೆ ಮಾಡಿಸಿದ್ದರು. ಮಳೆಯೇನೋ ಬಂದಿತು, ಆದರೆ ವಿಮೆಯ ಹಣ ಸಿಗಲು ಬೇಕಾದ ಪ್ರಮಾಣಕ್ಕೆ ಕೂದಲೆಳೆಯಷ್ಟು ಕಡಿಮೆ ಬಿತ್ತು. ತಂಡ ಮುಚ್ಚುವ ಸ್ಥಿತಿಗೆ ಬಂದಾಗ ಪ್ರೆಸ್-ಗೆಜೆಟ್‌ನ ಆ್ಯಂಡ್ರೂ ಟರ್ನ್‌ಬುಲ್ ಅವರು ಊರಿನ ವ್ಯಾಪಾರಿಗಳನ್ನು ಕರೆದು, 1923ರಲ್ಲಿ ತಂಡವನ್ನು ಲಾಭರಹಿತ ಸಂಸ್ಥೆಯಾಗಿ ಮಾರ್ಪಡಿಸಿದರು. ತಲಾ 5 ಡಾಲರಿನಂತೆ ಒಂದು ಸಾವಿರ ಷೇರುಗಳನ್ನು ಮಾರಿದರು. ಸುಮಾರು 31 ಸಾವಿರ ಜನಸಂಖ್ಯೆಯ ಊರೊಂದು ಹೀಗೆ ವೃತ್ತಿಪರ ತಂಡದ ಒಡೆತನವನ್ನು ಕೈಗೆತ್ತಿಕೊಂಡಿತು. ಮುಂದೆ 1935, 1950, 1997, 2011 ಮತ್ತು 2021ರಲ್ಲಿ ಮತ್ತೆ ಷೇರು ಮಾರಾಟಗಳು ನಡೆದು, ಇಂದು ಷೇರುದಾರರ ಸಂಖ್ಯೆ ಐದು ಲಕ್ಷ ದಾಟಿದೆ. ಈ ಲೀಗಿನಲ್ಲಿ ಸಮುದಾಯದ ಒಡೆತನದಲ್ಲಿರುವ ತಂಡ ಇದೊಂದೇ.

ನಿಮ್ಮ ಸಹೋದ್ಯೋಗಿ ಊಟಕ್ಕೆ ಕರೆದಾಗ ಅವರ ಮನೆಯ ಗೋಡೆಯ ಮೇಲೆ ಗಾಜು ಹಾಕಿದ ಚೌಕಟ್ಟಿನಲ್ಲಿ ಒಂದು ಷೇರು ಪತ್ರ ಕಾಣಬಹುದು. ಆಗ ಅದರ ಬೆಲೆ ಈಗ ಎಷ್ಟಾಗಿದೆ ಎಂದು ಕೇಳಬೇಡಿ. ಆ ಷೇರಿಗೆ ಲಾಭಾಂಶವಿಲ್ಲ, ಪೇಟೆಯಲ್ಲಿ ಅದನ್ನು ಮಾರುವಂತಿಲ್ಲ, ಅದರ ಬೆಲೆ ಏರುವುದೂ ಇಲ್ಲ. ವಾರ್ಷಿಕ ಸಭೆಗೆ ಹೋಗಿ ಮತ ಹಾಕುವ ಹಕ್ಕು ಮಾತ್ರ ಇದೆ. ನಮ್ಮಲ್ಲಿ ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ವಂತಿಗೆ ಕೊಟ್ಟ ರಸೀದಿಯನ್ನು ಅಜ್ಜ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿರುತ್ತಿದ್ದರಲ್ಲ, ಇದೂ ಹಾಗೆಯೇ. ಷೇರು ಯಾವಾಗ ಕೊಂಡರು, ಅಜ್ಜನಿಂದ ಬಂದದ್ದೇ ಎಂದು ಕೇಳಿ. ಸಂಜೆಯಿಡೀ ಮಾತು ನಡೆಯುತ್ತದೆ.

ಆಟದ ವಿಷಯಕ್ಕೆ ಬಂದರೆ, ಲ್ಯಾಂಬೋ ಅವರ ದೊಡ್ಡ ಕೊಡುಗೆ ಚೆಂಡನ್ನು ಮುಂದಕ್ಕೆ ಎಸೆಯುವ ಪಾಸ್ ಎಂಬ ತಂತ್ರವನ್ನು ಆಟದ ನಡುಮಧ್ಯಕ್ಕೆ ತಂದದ್ದು. ನಿಯಮ ಸರಳ: ಚೆಂಡು ಕೈಯಲ್ಲಿರುವ ತಂಡಕ್ಕೆ ಹತ್ತು ಗಜ ಮುನ್ನಡೆಯಲು ನಾಲ್ಕು ಅವಕಾಶ, ಮುನ್ನಡೆದರೆ ಮತ್ತೆ ನಾಲ್ಕು, ಇಲ್ಲವಾದರೆ ಚೆಂಡು ಎದುರಾಳಿಗೆ. 1920ರ ದಶಕದಲ್ಲಿ ಹೆಚ್ಚಿನ ತಂಡಗಳು ಚೆಂಡನ್ನು ಎದೆಗವಚಿಕೊಂಡು ಜನರ ರಾಶಿಯ ನಡುವೆ ನುಗ್ಗುವುದನ್ನೇ ಆಟವೆಂದು ತಿಳಿದಿದ್ದವು. ಆಗಿನ ಚೆಂಡು ಈಗಿನದಕ್ಕಿಂತ ದಪ್ಪಗಿತ್ತು, ಹಿಡಿತಕ್ಕೆ ಸಿಗುತ್ತಿರಲಿಲ್ಲ. ಮೇಲಾಗಿ ಆಟ ಆರಂಭವಾಗುವ ಗೆರೆಯಿಂದ ಕನಿಷ್ಠ ಐದು ಗಜ ಹಿಂದೆ ನಿಂತೇ ಎಸೆಯಬೇಕೆಂಬ ನಿಯಮ 1933ರವರೆಗೂ ಜಾರಿಯಲ್ಲಿತ್ತು. ಇಷ್ಟೆಲ್ಲ ಅಡ್ಡಿಗಳ ನಡುವೆಯೂ ಲ್ಯಾಂಬೋ ಮೊದಲು ತಾವೇ ಎಸೆದರು, ಬಳಿಕ ಎಸೆಯಬಲ್ಲವರನ್ನು ಹುಡುಕಿ ತಂದರು.

1929ರಲ್ಲಿ ಅವರು ಕರೆತಂದ ಜಾನಿ ಬ್ಲಡ್ ಮೆಕ್‌ನ್ಯಾಲಿ, ಕ್ಯಾಲ್ ಹಬರ್ಡ್ ಮತ್ತು ಮೈಕ್ ಮಿಖಾಲ್ಸ್ಕಿ ತಂಡದ ಹಣೆಬರಹವನ್ನೇ ಬದಲಾಯಿಸಿದರು. ಆ ವರ್ಷ ಹನ್ನೆರಡು ಗೆಲುವು, ಒಂದು ಸಮ, ಸೋಲೇ ಇಲ್ಲ. ಆಗ ಅಂತಿಮ ಪಂದ್ಯವೆಂಬುದು ಇರಲಿಲ್ಲ, ಅಂಕಪಟ್ಟಿಯ ಮೇಲಿನಿಂದಲೇ ಚಾಂಪಿಯನ್ ತೀರ್ಮಾನವಾಗುತ್ತಿತ್ತು. 1929, 1930, 1931 ಮೂರೂ ವರ್ಷ ಪ್ಯಾಕರ್ಸ್ ಗೆದ್ದಿತು. 1935ರಲ್ಲಿ ಅಲಬಾಮಾದಿಂದ ಡಾನ್ ಹಟ್ಸನ್ ಬಂದರು. ಷಿಕಾಗೋ ಬೇರ್ಸ್ ವಿರುದ್ಧದ ಪಂದ್ಯದಲ್ಲಿ ಪ್ಯಾಕರ್ಸ್ ಕೈಗೆ ಚೆಂಡು ಬಂದ ಮೊದಲ ಆಟದಲ್ಲೇ ಗ್ರೀನ್ ಬೇಯ ಹುಡುಗ ಆರ್ನಿ ಹರ್ಬರ್ ದೂರಕ್ಕೆ ಎಸೆದ ಚೆಂಡನ್ನು ಹಟ್ಸನ್ ಓಡುತ್ತಲೇ ಹಿಡಿದು 83 ಗಜಗಳ ಟಚ್‌ಡೌನ್ ಮಾಡಿದರು, ಅಂದರೆ ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ಗಳಿಸಿದರು. ಪಂದ್ಯದ ಅಂತಿಮ ಅಂಕ 7-0. ಎದುರಾಳಿ ಕೋಚ್‌ಗಳು ಒಬ್ಬ ಹಟ್ಸನ್‌ಗಾಗಿ ಇಬ್ಬರು ಮೂವರು ಕಾವಲುಗಾರರನ್ನು ನಿಲ್ಲಿಸಬೇಕಾಯಿತು. 1945ರಲ್ಲಿ ನಿವೃತ್ತರಾಗುವ ವೇಳೆಗೆ ಅವರು ಹಿಡಿದ ಟಚ್‌ಡೌನ್ ಪಾಸ್‌ಗಳು 99. ಇಂದು ನೀವು ಪರದೆಯ ಮೇಲೆ ನೋಡುವ ಆಟದ ವಂಶಮೂಲ ಇಲ್ಲಿಯದು. 1936, 1939 ಮತ್ತು 1944ರ ಪ್ರಶಸ್ತಿಗಳೂ ಸೇರಿ ಲ್ಯಾಂಬೋ ಅವರ ಚಾಂಪಿಯನ್‌ಷಿಪ್‌ಗಳು ಒಟ್ಟು ಆರು.

ಕೊನೆಯ ವರ್ಷಗಳು ಸುಖದವಲ್ಲ. ಅದನ್ನು ಮುಚ್ಚಿಟ್ಟು ಬರೆಯುವುದು ನನಗೆ ಸರಿಯೆನಿಸುವುದಿಲ್ಲ. 1946ರಲ್ಲಿ ಎದುರು ಲೀಗೊಂದು ಹುಟ್ಟಿಕೊಂಡು ಆಟಗಾರರ ಸಂಬಳ ಏರಿತು, ಸಣ್ಣ ಊರಿನ ಬೊಕ್ಕಸ ಬರಿದಾಯಿತು. ಅದೇ ವರ್ಷ ಲ್ಯಾಂಬೋ ಊರಿನಿಂದ ಸಾಕಷ್ಟು ದೂರದಲ್ಲಿದ್ದ ರಾಕ್‌ವುಡ್ ಲಾಡ್ಜ್ ಎಂಬ ಕಟ್ಟಡವನ್ನು ತರಬೇತಿ ಕೇಂದ್ರವಾಗಿ ಕೊಂಡದ್ದು ನಿರ್ದೇಶಕರಲ್ಲಿ ಹಲವರಿಗೆ ದುಂದುವೆಚ್ಚವಾಗಿ ಕಂಡಿತು. ಚಳಿಗಾಲವನ್ನು ಅವರು ಕ್ಯಾಲಿಫೋರ್ನಿಯಾದಲ್ಲಿ ಕಳೆಯುತ್ತಿದ್ದುದೂ ಊರಿನವರಿಗೆ ಹಿಡಿಸಲಿಲ್ಲ. ತಂಡ ಕಟ್ಟಿದ ದಿನದಿಂದ ಜೊತೆಗಿದ್ದ ಕ್ಯಾಲ್‌ಹೂನ್ ಪ್ರಚಾರದ ಹೊಣೆಯನ್ನು ಕಳೆದುಕೊಂಡು ಕಹಿಮನಸ್ಸಿನಿಂದ ದೂರವಾದರು. 1948ರಲ್ಲಿ ಗೆಲುವು ಮೂರು, 1949ರಲ್ಲಿ ಎರಡು. 1950ರ ಜನವರಿಯಲ್ಲಿ ರಾಕ್‌ವುಡ್ ಲಾಡ್ಜ್ ಬೆಂಕಿಗೆ ಆಹುತಿಯಾಯಿತು, ಅದರ ವಿಮೆಯ ಹಣ ತಂಡಕ್ಕೆ ಆಸರೆಯಾಯಿತು. ಸುಮಾರು ಒಂದು ವಾರದೊಳಗೆ ಲ್ಯಾಂಬೋ ರಾಜೀನಾಮೆ ಕೊಟ್ಟರು. ಅದೇ ವರ್ಷದ ಷೇರು ಮಾರಾಟದಿಂದ ಊರಿನವರು ಒಂದು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿದರು. ಸ್ಥಾಪಕನೇ ಹೊರಟುಹೋದರೂ ತಂಡ ಊರಿನಲ್ಲೇ ಉಳಿಯಿತು ಎಂಬುದನ್ನು ಗಮನಿಸಿ. 1923ರ ಆ ಏರ್ಪಾಡು ಇಲ್ಲದಿದ್ದರೆ ಪ್ಯಾಕರ್ಸ್ ಎಂದೋ ದೊಡ್ಡ ನಗರವೊಂದಕ್ಕೆ ಮಾರಾಟವಾಗಿ ಹೋಗುತ್ತಿತ್ತೆಂದು ನಾನು ನಂಬಿದ್ದೇನೆ.

ಮುಂದೆ ಅವರು ಷಿಕಾಗೋ ಕಾರ್ಡಿನಲ್ಸ್ ಮತ್ತು ವಾಷಿಂಗ್ಟನ್ ತಂಡಗಳಿಗೆ ಎರಡೆರಡು ವರ್ಷ ಕೋಚ್ ಆಗಿದ್ದರು. ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. 1963ರಲ್ಲಿ ಓಹಾಯೋದ ಕ್ಯಾಂಟನ್‌ನಲ್ಲಿ ತೆರೆದ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್‌ನ ಮೊದಲ ಹದಿನೇಳು ಸದಸ್ಯರಲ್ಲಿ ಅವರೂ ಒಬ್ಬರು. 1965ರ ಜೂನ್ 1ರಂದು ಅವರು ತೀರಿಕೊಂಡರು, ಅದೇ ವರ್ಷ 1957ರಲ್ಲಿ ಕಟ್ಟಿದ್ದ ಸಿಟಿ ಸ್ಟೇಡಿಯಂಗೆ ಅವರ ಹೆಸರಿಟ್ಟರು. ಆ ಕ್ರೀಡಾಂಗಣಕ್ಕೆ ಸಾಲ ಎತ್ತುವ ಬಗ್ಗೆ 1956ರಲ್ಲಿ ಊರಿನಲ್ಲಿ ಮತದಾನ ನಡೆದಾಗ, ಲ್ಯಾಂಬೋ ಅವರ ಬದ್ಧ ಎದುರಾಳಿಯಾಗಿದ್ದ ಷಿಕಾಗೋ ಬೇರ್ಸ್‌ನ ಜಾರ್ಜ್ ಹ್ಯಾಲಸ್ ಸ್ವತಃ ಗ್ರೀನ್ ಬೇಗೆ ಬಂದು, ಪರವಾಗಿ ಮತ ಹಾಕಿರೆಂದು ಜನರನ್ನು ಕೇಳಿಕೊಂಡಿದ್ದರು. ಷಿಕಾಗೋದಲ್ಲಿ ನೆಲೆಸಿರುವ ಕನ್ನಡಿಗ ಮಿತ್ರರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಮಿಲ್ವಾಕಿಯಿಂದ ಗ್ರೀನ್ ಬೇಗೆ ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಋತುವಿನ ಪಂದ್ಯದ ಟಿಕೆಟ್ ದುಬಾರಿ, ಸಿಗುವುದೂ ಕಷ್ಟ. ಸೀಸನ್ ಟಿಕೆಟ್ ಪಟ್ಟಿಯಲ್ಲಿ ಲಕ್ಷಕ್ಕೂ ಹೆಚ್ಚು ಜನ ಕಾಯುತ್ತಿದ್ದಾರೆ. ಆದ್ದರಿಂದ ಮೊದಲ ಬಾರಿಗೆ ಪಂದ್ಯವಿಲ್ಲದ ದಿನ ಹೋಗಿ, ಕ್ರೀಡಾಂಗಣದ ಒಳಗಿನ ಮಾರ್ಗದರ್ಶಿ ಪ್ರವಾಸವನ್ನೂ ಅಲ್ಲೇ ಇರುವ ಪ್ಯಾಕರ್ಸ್ ಹಾಲ್ ಆಫ್ ಫೇಮ್ ಸಂಗ್ರಹಾಲಯವನ್ನೂ ನೋಡಿ. ಹೊರಗೆ ಲ್ಯಾಂಬೋ ಮತ್ತು ಪ್ಯಾಕರ್ಸ್‌ನ ಇನ್ನೊಬ್ಬ ಹೆಸರಾಂತ ಕೋಚ್ ವಿನ್ಸ್ ಲೊಂಬಾರ್ಡಿ ಇಬ್ಬರ ಪ್ರತಿಮೆಗಳೂ ಇವೆ. ಹೆಚ್ಚಿನವರು ಲೊಂಬಾರ್ಡಿ ಪಕ್ಕದಲ್ಲೇ ಫೋಟೋ ತೆಗೆಸಿಕೊಳ್ಳುತ್ತಾರೆ, ನೀವು ಇನ್ನೊಂದರ ಬಳಿಯೂ ನಿಲ್ಲಿ. ಮಕ್ಕಳಿದ್ದರೆ ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ನಡೆಯುವ ತರಬೇತಿ ಶಿಬಿರದ ದಿನ ಆರಿಸಿಕೊಳ್ಳುವುದು ಒಳ್ಳೆಯದು: ಊರಿನ ಮಕ್ಕಳು ತಮ್ಮ ಪುಟ್ಟ ಸೈಕಲ್ ತಂದು ನಿಲ್ಲಿಸುತ್ತಾರೆ, ಆಳೆತ್ತರದ ಆಟಗಾರರು ಮೊಣಕಾಲು ಎದೆಗೆ ತಾಗುವಂತೆ ಕೂತು ಅದನ್ನು ತುಳಿಯುತ್ತಾ ಅಭ್ಯಾಸದ ಮೈದಾನಕ್ಕೆ ಹೋಗುತ್ತಾರೆ, ಮಕ್ಕಳು ಅವರ ಹೆಲ್ಮೆಟ್ ಹಿಡಿದು ಪಕ್ಕದಲ್ಲಿ ಓಡುತ್ತಾರೆ. ಡಿಸೆಂಬರಿನ ಪಂದ್ಯಕ್ಕೆ ಟಿಕೆಟ್ ಸಿಕ್ಕಿತೆಂದರೆ ಬಟ್ಟೆಯನ್ನು ಪದರ ಪದರವಾಗಿ ತೊಡಿ, ಕುಳಿತುಕೊಳ್ಳುವ ಬೆಂಚು ತಣ್ಣಗೆ ಕೊರೆಯುವುದರಿಂದ ದಪ್ಪನೆಯ ಆಸನ ಒಯ್ಯಿರಿ, ಮತ್ತು ಒಳಗೆ ಪಾರದರ್ಶಕ ಚೀಲ ಮಾತ್ರ ಬಿಡುತ್ತಾರೆಂಬುದನ್ನು ಮನೆಯಿಂದ ಹೊರಡುವ ಮೊದಲೇ ನೋಡಿಕೊಳ್ಳಿ.