ಕಾಣೆಯಾದ ಎರಡು ಅಂಕ: 1930ರ ಸ್ಪೀಡ್‌ವೇ ಸೀಸನ್ನನ್ನು ತಾಳೆ ಹಾಕಿದ ಬಗೆ

35–17. 1930ರ ಜೂನ್ 30ರಂದು ವಿಂಬಲ್ಡನ್ನಿನಲ್ಲಿ ನಡೆದ ಇಂಗ್ಲೆಂಡ್–ಆಸ್ಟ್ರೇಲಿಯಾ ಮೊದಲ ಸ್ಪೀಡ್‌ವೇ ಟೆಸ್ಟಿನ ಫಲಿತಾಂಶ ಇದು. ಗೆದ್ದದ್ದು ಆಸ್ಟ್ರೇಲಿಯಾ. ಎರಡನ್ನೂ ಕೂಡಿದರೆ 52 ಬರುತ್ತದೆ. ಬರಬೇಕಾದದ್ದು 54. ಉಳಿದ ಎರಡು ಅಂಕ ಎಲ್ಲಿ ಹೋದವು? ಬ್ರಿಟನ್ನಿನ ಮೊದಮೊದಲ ಲೀಗ್ ಸೀಸನ್ನುಗಳ ಅಂಕಪಟ್ಟಿಯನ್ನು ಹೊಸದಾಗಿ ಕಟ್ಟುವ ಕೆಲಸದಲ್ಲಿ ಪ್ರತಿ ಪಂದ್ಯಕ್ಕೂ ನಾನು ಮೊದಲು ಕೇಳುವುದು ಈ ಪ್ರಶ್ನೆಯನ್ನೇ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಬ್ರೇಕಿಲ್ಲದ, ಒಂದೇ ಗೇರಿನ 500 ಸಿಸಿ ಬೈಕು. ಕಲ್ಲಿದ್ದಲ ಕಿಟ್ಟ ಹಾಸಿದ ಅಂಡಾಕಾರದ ಟ್ರ್ಯಾಕು. ಎಡಕ್ಕೆ ತಿರುಗುತ್ತ ನಾಲ್ಕು ಸುತ್ತು. ಒಂದು ಹೀಟಿನಲ್ಲಿ ನಾಲ್ವರು, ತಂಡಕ್ಕೆ ಇಬ್ಬರಂತೆ. ಮೊದಲು ಬಂದವನಿಗೆ 3, ಆಮೇಲೆ 2, 1, ಕೊನೆಯವನಿಗೆ ಸೊನ್ನೆ. ಹೀಟಿಗೆ ಒಟ್ಟು 6 ಅಂಕ, ಪಂದ್ಯಕ್ಕೆ ಒಂಬತ್ತು ಹೀಟು, ಅಲ್ಲಿಗೆ 54. ತಂಡದಲ್ಲಿ ಆರು ಮಂದಿ, ಒಬ್ಬೊಬ್ಬರಿಗೆ ಮೂರು ಓಟ: 18. ಒಂಬತ್ತು ಹೀಟಿಗೆ ತಂಡಕ್ಕೆ ಎರಡರಂತೆ ಲೆಕ್ಕ ಹಾಕಿದರೂ 18. 1930ರ ಲೀಗಿನ ಚೌಕಟ್ಟು ಇಷ್ಟೇ. ಸರಳವಾಗಿರುವುದರಿಂದಲೇ ತಪ್ಪು ಹಿಡಿಯಲು ಇದು ಬಹಳ ಅನುಕೂಲ.

ಈಗ ಆ ಎರಡು ಅಂಕದ ವಿಷಯ. ಮೂವರಾದರೂ ಗುರಿ ಮುಟ್ಟಿದ ಹೀಟಿನಲ್ಲಿ ಪೂರ್ತಿ 6 ಹಂಚಿಕೆಯಾಗುತ್ತದೆ. ಇಬ್ಬರೇ ಮುಟ್ಟಿದರೆ 5, ಒಂದು ಕಡಿಮೆ. ಒಬ್ಬನೇ ಮುಟ್ಟಿದರೆ 3, ಮೂರು ಕಡಿಮೆ. ಯಾರೂ ಮುಟ್ಟದಿದ್ದರೆ ಆರೂ ಖೋತಾ. ಹಾಗಾಗಿ 52 ಎಂಬ ಮೊತ್ತಕ್ಕೆ ಒಂದೇ ವಿವರಣೆ ಸಾಧ್ಯ: ಎರಡು ಹೀಟುಗಳಲ್ಲಿ ತಲಾ ಇಬ್ಬರೇ ಓಟ ಮುಗಿಸಿದ್ದಾರೆ. ಹೀಟುವಾರು ವರದಿ ಕೈಗೆ ಸಿಗುವ ಮೊದಲೇ ಇಷ್ಟನ್ನು ಖಚಿತವಾಗಿ ಹೇಳಬಹುದು. ವರದಿ ಸಿಕ್ಕಾಗ ಅದರಲ್ಲಿ ಅಂಥ ಎರಡು ಹೀಟು ಕಾಣದಿದ್ದರೆ ಒಂದೋ ಮೊತ್ತ ತಪ್ಪು, ಇಲ್ಲವೇ ವರದಿ ತಪ್ಪು. 51 ಬಂದರೆ ಮಾತ್ರ ಎರಡು ದಾರಿ ತೆರೆಯುತ್ತವೆ: ಇಬ್ಬರೇ ಮುಗಿಸಿದ ಮೂರು ಹೀಟು, ಅಥವಾ ಒಬ್ಬನೇ ಮುಗಿಸಿದ ಒಂದು ಹೀಟು. 48 ಬಂದಾಗ ಇನ್ನೊಂದು ಅನುಮಾನವೂ ಇರಬೇಕು. ಮಳೆಯಿಂದಲೋ ಕತ್ತಲಿನಿಂದಲೋ ಒಂದು ಹೀಟು ನಡೆಯದೇ ಇದ್ದಿರಬಹುದು. 54 ದಾಟಿದರಂತೂ ಅಚ್ಚಿನ ತಪ್ಪು, ಇಲ್ಲವೇ ಅದು ಲೀಗ್ ಪಂದ್ಯವೇ ಅಲ್ಲ.

ಈ ಕೊನೆಯದು ಮೇಲಿಂದ ಮೇಲೆ ಆಗುತ್ತದೆ. ಅದೇ ಎರಡು ತಂಡಗಳು ಒಂದೇ ವರ್ಷದಲ್ಲಿ ಲೀಗಿಗಾಗಿ ಎರಡು ಸಲ, ಕಪ್ಪಿಗಾಗಿ ಎರಡು ಸಲ, ಬರೀ ಪ್ರದರ್ಶನಕ್ಕೆಂದು ಮತ್ತೊಮ್ಮೆ ಎದುರಾಗುತ್ತಿದ್ದವು. ಪತ್ರಿಕೆ ಯಾವುದೆಂದು ಹೇಳದೆ ‘ವೆಂಬ್ಲಿ ಗೆಲುವು’ ಎಂದಷ್ಟೇ ಅಚ್ಚು ಹಾಕುತ್ತದೆ. ಲಂಡನ್ ಕಪ್ಪಿನಂಥ ದೊಡ್ಡ ಪಂದ್ಯಕ್ಕೆ ಹದಿನಾರು ಹೀಟು, ಅಂದರೆ 96 ಅಂಕ. ಮೊತ್ತ ತೊಂಬತ್ತರ ಆಸುಪಾಸಿನಲ್ಲಿದ್ದರೆ ಅದನ್ನು ಲೀಗಿನ ಸಾಲಿಗೆ ಸೇರಿಸಬಾರದು. 54ರ ಪ್ರದರ್ಶನ ಪಂದ್ಯವನ್ನು ಮಾತ್ರ ಮೊತ್ತ ನೋಡಿ ಬೇರ್ಪಡಿಸಲಾಗದು. ಅದಕ್ಕೆ ಆ ದಿನದ ಪ್ರೋಗ್ರಾಂ ಪುಸ್ತಿಕೆಯ ಮುಖಪುಟವೇ ಬೇಕು.

1930ರ ಈ ಅಳತೆಗೋಲನ್ನು 1929ಕ್ಕೆ ಹಿಡಿಯಬೇಡಿ. ಮೊದಲ ವರ್ಷದ ಅಂಕ ಹಂಚಿಕೆ ಬೇರೆಯೇ ಇತ್ತು. ಗೊತ್ತಿಲ್ಲದ ಸೀಸನ್ನಿನ ಸೂತ್ರವನ್ನು ಪಂದ್ಯಗಳಿಂದಲೇ ಎಳೆದು ತೆಗೆಯಬೇಕು. ಇಪ್ಪತ್ತು ಪಂದ್ಯಗಳ ಮೊತ್ತವನ್ನು ಬರೆದಿಟ್ಟು ನೋಡಿದರೆ, ಪದೇ ಪದೇ ಬರುವ ಮತ್ತು ಮೀರದೆ ನಿಲ್ಲುವ ಒಂದು ಸಂಖ್ಯೆ ಕಾಣುತ್ತದೆ. ಅದನ್ನು ಹೀಟುಗಳ ಸಂಖ್ಯೆಯಿಂದ ಭಾಗಿಸಿದರೆ ಹೀಟಿಗೆ ಎಷ್ಟು ಅಂಕ ಎಂಬುದು ಗೊತ್ತಾಗುತ್ತದೆ. ಸೀಸನ್ ನಡುವೆ ಆ ಗರಿಷ್ಠ ಸಂಖ್ಯೆ ಬದಲಾದರೆ ನಿಯಮವೋ ಹೀಟುಗಳ ಸಂಖ್ಯೆಯೋ ಬದಲಾಗಿದೆ ಎಂದೇ ಅರ್ಥ. ಆಗ ಕೋಷ್ಟಕದಲ್ಲಿ ‘ಸೂತ್ರ’ ಎಂಬ ಕಾಲಮ್ಮನ್ನು ಪಂದ್ಯವಾರು ತುಂಬಿಸಬೇಕಾಗುತ್ತದೆ. ನಾನು ಮೊದಲು ಇಡೀ ಸೀಸನ್ನಿಗೆ ಒಂದೇ ಸೂತ್ರ ಹಾಕಿಟ್ಟಿದ್ದೆ. ಸರಿಯಿದ್ದ ಪಂದ್ಯಗಳೆಲ್ಲ ತಪ್ಪೆಂದು ಕೆಂಪಾಗಿ ಕಾಣಿಸಿದವು.

ಬರೆದಿಡುವ ಕ್ರಮ ಹಳೆಯ ಅಂಗಡಿ ಲೆಕ್ಕದ್ದೇ: ಒಂದು ಕೀರ್ದಿ, ಒಂದು ಖಾತೆ. ಕೀರ್ದಿಯಲ್ಲಿ ಒಬ್ಬ ಸವಾರನ ಒಂದು ಹೀಟಿಗೆ ಒಂದು ಸಾಲು: ಪಂದ್ಯದ ಸಂಖ್ಯೆ, ಹೀಟು, ಸವಾರ, ತಂಡ, ಸ್ಥಾನ, ಅಂಕ, ಮುಗಿಸದಿದ್ದರೆ ಕಾರಣ, ಮಾಹಿತಿಯ ಮೂಲ. ಹೀಟಿಗೆ ನಾಲ್ಕು ಸಾಲಿನಂತೆ ಪಂದ್ಯಕ್ಕೆ 36. ಹದಿಮೂರು ತಂಡಗಳು ತವರಿನಲ್ಲೊಮ್ಮೆ, ಹೊರಗೊಮ್ಮೆ ಆಡುವ ಲೀಗೆಂದರೆ 156 ಪಂದ್ಯ, 5616 ಸಾಲು. ಹೆಚ್ಚೆನಿಸಬಹುದು, ಆದರೆ ಅಡ್ಡದಾರಿ ಇಲ್ಲ. ಪಂದ್ಯದ ಮೊತ್ತವನ್ನು ಕೈಯಿಂದ ಟೈಪ್ ಮಾಡುವುದು ಒಂದೇ ಕಡೆ, ಪತ್ರಿಕೆ ಹೇಳಿದ್ದೇನು ಎಂಬ ಕಾಲಮ್ಮಿನಲ್ಲಿ. ಪಕ್ಕದ ಕಾಲಮ್ಮಿನಲ್ಲಿ ಕೀರ್ದಿಯಿಂದ ತಾನಾಗಿ ಕೂಡಿ ಬಂದ ಮೊತ್ತ. ಎರಡೂ ಬೇರೆಯಾದಲ್ಲಿ ಕೆಲಸ ಬಾಕಿ ಇದೆ.

ಖಾತೆಯ ಮಟ್ಟದಲ್ಲಿ ಇನ್ನೊಂದು ಸುತ್ತು ತಾಳೆ. ಗೆಲುವಿಗೆ 2, ಸಮಕ್ಕೆ 1 ಅಂಕವಾದ್ದರಿಂದ 156 ಪಂದ್ಯಗಳ ಲೀಗಿನಲ್ಲಿ ಎಲ್ಲ ತಂಡಗಳ ಅಂಕ ಕೂಡಿದರೆ 312 ಆಗಲೇಬೇಕು. ಗೆಲುವಿನ ಕಾಲಮ್ಮಿನ ಮೊತ್ತ ಸೋಲಿನ ಕಾಲಮ್ಮಿನ ಮೊತ್ತಕ್ಕೆ ಸಮ ಇರಬೇಕು. ಸಮಪಂದ್ಯದ ಕಾಲಮ್ಮು ಕೂಡಿದಾಗ ಸರಿಸಂಖ್ಯೆ ಬರಬೇಕು, ಏಕೆಂದರೆ ಒಂದು ಸಮಪಂದ್ಯ ಎರಡು ತಂಡಗಳ ಹೆಸರಿನಲ್ಲೂ ದಾಖಲಾಗುತ್ತದೆ. ಗಳಿಸಿದ ಒಟ್ಟು ಅಂಕ, ಬಿಟ್ಟುಕೊಟ್ಟ ಒಟ್ಟು ಅಂಕ ಒಂದೇ ಆಗಿರಬೇಕು. ಅಂದಿನ ಪತ್ರಿಕೆಗಳ ಲೀಗ್ ಪಟ್ಟಿಗಳನ್ನು ಈ ನಾಲ್ಕು ಪರೀಕ್ಷೆಗೆ ಒಡ್ಡಿದರೆ ಒಂದಾದರೂ ಮುಗ್ಗರಿಸುವ ಪಟ್ಟಿ ಬೇಕಾದಷ್ಟು ಸಿಗುತ್ತವೆ. ನಿನ್ನೆ ರಾತ್ರಿಯ ಪಂದ್ಯ ಒಂದು ತಂಡದ ಸಾಲಿಗೆ ಸೇರಿ ಇನ್ನೊಂದರ ಸಾಲಿಗೆ ಸೇರದೆ ಉಳಿದದ್ದೇ ಸಾಮಾನ್ಯ ಕಾರಣ.

ಹೆಸರುಗಳ ಗೋಜಲು ಅಂಕಗಳಿಗಿಂತ ಹೆಚ್ಚು ಹೊತ್ತು ತಿನ್ನುತ್ತದೆ. ‘ವೈಟ್ ಸಿಟಿ’ ಎಂಬ ಟ್ರ್ಯಾಕು ಲಂಡನ್ನಿನಲ್ಲಿತ್ತು, ಮ್ಯಾಂಚೆಸ್ಟರಿನಲ್ಲಿತ್ತು, ಗ್ಲ್ಯಾಸ್ಗೋದಲ್ಲೂ ಇತ್ತು. ಬರ್ಮಿಂಗ್‌ಹ್ಯಾಮ್ ಎಂದರೆ ಹಾಲ್ ಗ್ರೀನೋ ಪೆರ್ರಿ ಬಾರೋ? ಊರಿನ ಪತ್ರಿಕೆಗೆ ಅದನ್ನು ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ, ಓದುಗನಿಗೆ ಗೊತ್ತಿತ್ತು. ಆದ್ದರಿಂದ ತಂಡಕ್ಕೆ ಊರಿನ ಹೆಸರಿನ ಬದಲು ಟ್ರ್ಯಾಕಿನ ಸಂಕೇತ ಕೊಡುವುದು ಲೇಸು. ತಂಡ ಟ್ರ್ಯಾಕು ಬದಲಿಸಿದಾಗ ಈ ಸಂಕೇತವೂ ಸಾಲದು: 1932ರಲ್ಲಿ ಸೌತಾಂಪ್ಟನ್ ತಂಡ ಸೀಸನ್ ನಡುವೆ ಲೀ ಬ್ರಿಜ್‌ಗೆ ಹೋಗಿ ಕ್ಲಾಪ್ಟನ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ಅಂಥಲ್ಲಿ ತಂಡಕ್ಕೊಂದು, ಟ್ರ್ಯಾಕಿಗೊಂದು ಬೇರೆ ಬೇರೆ ಸಂಕೇತ ಬೇಕು.

ಸವಾರರ ಹೆಸರಿನಲ್ಲೂ ಇದೇ ಕಥೆ. ರೋಜರ್ ಮತ್ತು ಬಸ್ಟರ್ ಫ್ರಾಗ್ಲಿ ಅಣ್ಣತಮ್ಮಂದಿರು. ಪತ್ರಿಕೆಗೆ ಇಬ್ಬರೂ ‘ಫ್ರಾಗ್ಲಿ’. ಲ್ಯಾಂಗ್ಟನ್ ಸೋದರರು ಎರಿಕ್ ಮತ್ತು ಆಲಿವರ್, ಪಾರ್ಕರ್ ಸೋದರರು ಜ್ಯಾಕ್ ಮತ್ತು ನಾರ್ಮನ್. ‘ಆರ್ಥರ್’ ಎಂದು ಹುಡುಕಿದರೆ ಆಸ್ಟ್ರೇಲಿಯಾದ ಫ್ರ್ಯಾಂಕ್ ಆರ್ಥರ್ ಜೊತೆಗೆ ಆರ್ಥರ್ ಅಟ್ಕಿನ್ಸನ್ನೂ ಬರುತ್ತಾನೆ. ವೆಸ್ಟ್ ಹ್ಯಾಮಿನ ಬ್ಲೂಯಿ ವಿಲ್ಕಿನ್ಸನ್‌ನ ನಿಜ ಹೆಸರು ಆರ್ಥರ್ ಜಾರ್ಜ್, ಎ.ಜಿ. ವಿಲ್ಕಿನ್ಸನ್ ಎಂದು ಅಚ್ಚಾದವನು ಬೇರೆಯವನೆಂದು ಹೊಸ ಖಾತೆ ತೆರೆದರೆ ಒಬ್ಬನ ಅಂಕ ಇಬ್ಬರ ಪಾಲಾಗುತ್ತದೆ. ಅನುಮಾನ ಇರುವ ತನಕ ‘ಫ್ರಾಗ್ಲಿ, ಯಾರೆಂದು ತಿಳಿಯದು’ ಎಂಬ ಮೂರನೆಯ ಖಾತೆಯಲ್ಲೇ ಆ ಅಂಕ ಇರಲಿ. ಬಿಡಿಸಲು ಓಟಗಳ ಲೆಕ್ಕ ನೆರವಾಗುತ್ತದೆ: ರಿಸರ್ವ್ ಬಂದು ಹೆಚ್ಚಿನ ಓಟ ಓಡದಿದ್ದರೆ ಒಬ್ಬನಿಗೆ ಮೂರೇ ಓಟ, ಗರಿಷ್ಠ 9 ಅಂಕ. ಒಬ್ಬ ಫ್ರಾಗ್ಲಿಗೆ ನಾಲ್ಕು ಓಟ ಬಂದಿದೆ ಎಂದರೆ ಅದರಲ್ಲೊಂದು ಬಹುಶಃ ಇನ್ನೊಬ್ಬನದು.

ಮೂಲಗಳಲ್ಲಿ ನನ್ನ ನಂಬಿಕೆಯ ಕ್ರಮ ಹೀಗೆ. ಪ್ರೇಕ್ಷಕನು ಟ್ರ್ಯಾಕಿನ ಪಕ್ಕದಲ್ಲೇ ಪೆನ್ಸಿಲಿನಲ್ಲಿ ತುಂಬಿದ ಪ್ರೋಗ್ರಾಂ ಎಲ್ಲಕ್ಕಿಂತ ಮೇಲು. ಅಚ್ಚಾದ ಹೆಸರನ್ನು ಹೊಡೆದು ಪಕ್ಕದಲ್ಲಿ ಬೇರೆ ಹೆಸರು ಬರೆದಿದ್ದರೆ ಅದು ಚಿನ್ನ, ಏಕೆಂದರೆ ಕೊನೆ ಗಳಿಗೆಯ ಬದಲಾವಣೆ ಬೇರೆಲ್ಲೂ ಸಿಗುವುದಿಲ್ಲ. ಆದರೆ ಆ ಪ್ರೇಕ್ಷಕನಿಗೂ ಧೂಳು, ಗದ್ದಲ. ಕೊನೆಯ ಎರಡು ಹೀಟು ಬರೆಯದೆ ಬಸ್ಸು ಹಿಡಿದಿರುತ್ತಾನೆ. ಪೆನ್ಸಿಲಿನ ಗುರುತೇ ಇಲ್ಲದ ಪ್ರೋಗ್ರಾಂ ಮಾತ್ರ ಏನನ್ನೂ ಸಾಬೀತು ಮಾಡುವುದಿಲ್ಲ, ಪಂದ್ಯ ನಡೆಯಿತು ಎಂಬುದನ್ನು ಕೂಡ. ಮಳೆಗೆ ರದ್ದಾದ ಪಂದ್ಯದ ಪ್ರೋಗ್ರಾಮೂ ಅಚ್ಚಾಗಿಯೇ ಇರುತ್ತದೆ. ಆಮೇಲೆ ಊರಿನ ಸಂಜೆ ಪತ್ರಿಕೆ, ನಂತರ ಸ್ಪೀಡ್‌ವೇಗೆಂದೇ ಬರುತ್ತಿದ್ದ ವಾರಪತ್ರಿಕೆ, ಕೊನೆಗೆ ದೇಶದ ದೊಡ್ಡ ದಿನಪತ್ರಿಕೆ. ಸೋತ ತಂಡದ ಊರಿನ ಪತ್ರಿಕೆಯನ್ನೂ ನೋಡಿ. ಯಾಕೆ ಸೋತರೆಂದು ವಿವರಿಸುವ ಭರದಲ್ಲಿ ಯಾರ ಚೈನು ಹರಿಯಿತು, ಯಾರು ಬಿದ್ದರು ಎಂಬುದೆಲ್ಲ ಅಲ್ಲೇ ಇರುತ್ತದೆ.

ಸ್ಕ್ಯಾನ್ ಆದ ಹಳೆಯ ಪತ್ರಿಕೆಗಳಲ್ಲಿ ಹುಡುಕುವಾಗ ‘ಸ್ಪೀಡ್‌ವೇ’ ಎಂಬ ಪದವೊಂದನ್ನೇ ನಂಬಬೇಡಿ. ಆ ವರ್ಷಗಳಲ್ಲಿ ‘ಡರ್ಟ್ ಟ್ರ್ಯಾಕ್’ ಎಂದೇ ಹೆಚ್ಚು ಬಳಕೆ. ಯಂತ್ರ ಓದಿದ ಪಠ್ಯದಲ್ಲಿ 3 ಮತ್ತು 8, 1 ಮತ್ತು 7, 5 ಮತ್ತು 6 ಅದಲುಬದಲಾಗುತ್ತವೆ. ಅಂಕವನ್ನು ಯಾವಾಗಲೂ ಚಿತ್ರ ನೋಡಿಯೇ ಬರೆದುಕೊಳ್ಳಬೇಕು.

ತಾರೀಖಿಗೆ ವಾರದ ದಿನವೇ ಕಾವಲು. ಪತ್ರಿಕೆ ‘ನಿನ್ನೆ ರಾತ್ರಿ’ ಎನ್ನುತ್ತದೆ. ಸೋಮವಾರದ ಪತ್ರಿಕೆ ಶನಿವಾರದ್ದನ್ನು ಹೇಳುತ್ತಿರುತ್ತದೆ. ಟ್ರ್ಯಾಕುಗಳಿಗೆ ಗೊತ್ತಾದ ದಿನಗಳಿದ್ದವು: ವಿಂಬಲ್ಡನ್ನಿಗೆ ಸೋಮವಾರ, ವೆಸ್ಟ್ ಹ್ಯಾಮಿಗೆ ಮಂಗಳವಾರ, ವೆಂಬ್ಲಿಗೆ ಗುರುವಾರ. 1930ರ ಜೂನ್ 30 ಸೋಮವಾರ. ಆ ಟೆಸ್ಟು ಸರಿಯಾದ ದಿನಕ್ಕೇ ಕೂತಿದೆ. ವೆಂಬ್ಲಿಯ ಪಂದ್ಯವೊಂದು ಶುಕ್ರವಾರಕ್ಕೆ ಬಂದು ಕೂತಿದ್ದರೆ ಪತ್ರಿಕೆಯ ತಾರೀಖನ್ನು ಪಂದ್ಯದ ತಾರೀಖೆಂದು ಬರೆದುಕೊಂಡಿದ್ದೀರಿ.

ಓಟದ ಸಮಯದಲ್ಲಿ ಒಂದು ಸೂಕ್ಷ್ಮ ಇದೆ. ಅಂದಿನ ಸ್ಟಾಪ್‌ವಾಚು ಸೆಕೆಂಡಿನ ಐದನೇ ಒಂದು ಭಾಗದವರೆಗೆ ಅಳೆಯುತ್ತಿತ್ತು. ‘78 2-5’ ಎಂದು ಅಚ್ಚಾಗಿದ್ದರೆ 78.4 ಸೆಕೆಂಡು, ಅವಸರದಲ್ಲಿ 78.2 ಎಂದೋ 78.25 ಎಂದೋ ಬರೆದುಬಿಡುತ್ತೇವೆ. ದಶಮಾಂಶದಲ್ಲಿ 0, 2, 4, 6, 8 ಬಿಟ್ಟು ಬೇರೆ ಅಂಕಿ ಕಂಡರೆ ಮೂಲಕ್ಕೆ ಹಿಂತಿರುಗಿ. ಗಂಟೆಗೆ ಇಷ್ಟು ಮೈಲಿ ಎಂದು ಕೊಟ್ಟಿದ್ದರೆ ಅದರಿಂದಲೂ ಪರೀಕ್ಷಿಸಬಹುದು. 440 ಗಜದ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಸರಿಯಾಗಿ ಒಂದು ಮೈಲಿ; 80 ಸೆಕೆಂಡಿನಲ್ಲಿ ಮುಗಿದರೆ ಗಂಟೆಗೆ 45 ಮೈಲಿ. ಒಂದು ಟ್ರ್ಯಾಕಿನ ಸಮಯವನ್ನು ಇನ್ನೊಂದರ ಜೊತೆ ಹೋಲಿಸುವಂತಿಲ್ಲ. ವೆಸ್ಟ್ ಹ್ಯಾಮ್ 415 ಗಜ, ನಾಲ್ಕು ಸುತ್ತಿಗೆ 1660 ಗಜ. ಆಮೇಲೆ ಬಂದ ನ್ಯೂ ಕ್ರಾಸ್ 262 ಗಜ, ನಾಲ್ಕಕ್ಕೆ 1048.

ಯಂತ್ರದ ಕಾಲಮ್ಮನ್ನು ಮೂಲ ಸ್ಪಷ್ಟವಾಗಿ ಹೇಳಿದಾಗ ಮಾತ್ರ ತುಂಬುತ್ತೇನೆ. 1929ರಲ್ಲಿ ಎಲ್ಲೆಲ್ಲೂ ಡಗ್ಲಸ್: 68×68 ಮಿ.ಮೀ.ನ ಎರಡು ಸಿಲಿಂಡರು ಮಲಗಿಸಿಟ್ಟ, ತಗ್ಗಾದ, ಉದ್ದನೆಯ ಗಾಡಿ. ಕಿಟ್ಟ ದಪ್ಪಗಿದ್ದ ಅಗಲ ಟ್ರ್ಯಾಕಿನಲ್ಲಿ ಹಿಂಬದಿ ಜಾರಿಸಿಕೊಂಡು ಹೋಗಲು ಅದಕ್ಕೆ ಸಾಟಿ ಇರಲಿಲ್ಲ. 1930ರಲ್ಲಿ ಸ್ಟ್ಯಾಮ್‌ಫರ್ಡ್ ಬ್ರಿಜ್‌ನಲ್ಲಿ ವಾಲ್ ಫಿಲಿಪ್ಸ್ ಜೆಎಪಿಯ ಹೊಸ ಇಂಜಿನ್ನನ್ನು ಓಟಕ್ಕಿಳಿಸಿದ. ಬೋರು 80, ಸ್ಟ್ರೋಕು 99 ಮಿ.ಮೀ., ಒಂದೇ ಸಿಲಿಂಡರು. ಮುಂದಿನ ಕೆಲವೇ ವರ್ಷಗಳಲ್ಲಿ ಆಟವೇ ಅದರ ಕೈಸೇರಿತು. ಈ ಕಥೆ ಎಷ್ಟು ಆಕರ್ಷಕ ಎಂದರೆ, ಜುಲೈನಲ್ಲಿ ಯಾರದೋ ಸರಾಸರಿ ದಿಢೀರನೆ ಏರಿದ್ದು ಕಂಡೊಡನೆ ಜೆಎಪಿ ತಗೊಂಡಿರಬೇಕು ಎನಿಸಿಬಿಡುತ್ತದೆ. ಎದುರಾಳಿ ತಂಡದ ಮುಖ್ಯ ಸವಾರ ಗಾಯಗೊಂಡಿದ್ದಿರಬಹುದು. ತವರಿನ ಪಂದ್ಯಗಳೇ ಸಾಲಾಗಿ ಬಂದಿರಬಹುದು. ತವರು–ಹೊರಗು ಎಂದು ಸರಾಸರಿ ಬೇರೆ ಮಾಡಿದರೆ ಅರ್ಧಕ್ಕರ್ಧ ಏರಿಕೆ ಕರಗುತ್ತದೆ.

ಅತಿ ಕಷ್ಟದ್ದು, ನಡುವೆ ಬಿಟ್ಟುಹೋದ ತಂಡಗಳ ಲೆಕ್ಕ. 1929ರ ಉತ್ತರದ ಲೀಗಿನಲ್ಲಿ ಮ್ಯಾಂಚೆಸ್ಟರಿನ ವೈಟ್ ಸಿಟಿ ಹಿಂದೆ ಸರಿಯಿತು, ಪಟ್ಟ ಲೀಡ್ಸ್‌ಗೆ ಹೋಯಿತು. ದಕ್ಷಿಣದಲ್ಲಿ ಸ್ಟ್ಯಾಮ್‌ಫರ್ಡ್ ಬ್ರಿಜ್ ಗೆದ್ದಿತು. 1930ರಲ್ಲಿ ದಕ್ಷಿಣ ವೆಂಬ್ಲಿಯ ಪಾಲು, ಉತ್ತರ ಬೆಲ್ ವ್ಯೂ ಪಾಲು. ಉತ್ತರದಲ್ಲಿ ಎಲ್ಲ ಪಂದ್ಯಗಳೂ ಮುಗಿಯಲಿಲ್ಲ. ಇಂಥ ಕಡೆ ಬಿಟ್ಟುಹೋದ ತಂಡದ ಸಾಲುಗಳನ್ನು ಅಳಿಸಬಾರದು. ಪಂದ್ಯ ನಡೆದಿದೆ, ಸವಾರರು ಬಿದ್ದಿದ್ದಾರೆ, ಗೆದ್ದಿದ್ದಾರೆ. ‘ಸ್ಥಿತಿ’ ಎಂಬ ಕಾಲಮ್ಮಿನಲ್ಲಿ ‘ಲೀಗಿಗೆ ಸೇರದು’ ಎಂದು ಬರೆದು, ಎರಡು ಪಟ್ಟಿ ತೆಗೆಯುತ್ತೇನೆ: ನಡೆದದ್ದೆಲ್ಲ ಸೇರಿದ ಒಂದು, ಲೀಗ್ ಒಪ್ಪಿದ್ದಷ್ಟೇ ಇರುವ ಇನ್ನೊಂದು. ಸವಾರನ ಸರಾಸರಿ ಮೊದಲ ಪಟ್ಟಿಯಿಂದ, ತಂಡದ ಸ್ಥಾನ ಎರಡನೆಯದರಿಂದ.

ಇಷ್ಟಾದ ಮೇಲೂ ತಾಳೆಯಾಗದ ಪಂದ್ಯಗಳು ಉಳಿಯುತ್ತವೆ. ಡೆಡ್ ಹೀಟನ್ನು ಮರೆತಿದ್ದೇನೆಯೇ ಎಂದು ಮೊದಲು ನೋಡುತ್ತೇನೆ: ಮೊದಲ ಸ್ಥಾನ ಇಬ್ಬರಿಗೆ ಹಂಚಿಹೋದರೆ ತಲಾ 2½, ಎರಡನೆಯದಾದರೆ ತಲಾ 1½, ಹೀಟಿನ ಮೊತ್ತ 6 ಆಗಿಯೇ ಇರುತ್ತದೆ, ತಂಡದ ಮೊತ್ತ ಮಾತ್ರ ಅರ್ಧ ಅಂಕ ಅತ್ತಿತ್ತ ಆಗುತ್ತದೆ, ಆ ಅರ್ಧವನ್ನು ಪತ್ರಿಕೆ ನುಂಗಿರುತ್ತದೆ. ನಾಲ್ಕನೆಯವನ ಹೆಸರು ವರದಿಯಲ್ಲಿ ಇಲ್ಲದಿದ್ದರೆ ಪ್ರೋಗ್ರಾಮಿನ ಜೋಡಿ ನೋಡಿ ತುಂಬುತ್ತೇನೆ, ಆದರೆ ಮೂಲದ ಕಾಲಮ್ಮಿನಲ್ಲಿ ‘ಊಹೆ’ ಎಂದು ಬರೆದು, ಅಕ್ಷರದ ಬಣ್ಣ ಬದಲಿಸಿ. ಅಂಕ ಕಡಿಮೆ ಬಿದ್ದಾಗ ಮಾತ್ರ ಊಹೆಯಿಂದ ತುಂಬುವುದಿಲ್ಲ. ಆ ಸಾಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ, ಪಕ್ಕದಲ್ಲಿ ಎಷ್ಟು ಅಂಕ ಬಾಕಿ ಎಂಬ ಸಂಖ್ಯೆ, ಯಾವ ಪತ್ರಿಕೆಗಳನ್ನು ಈಗಾಗಲೇ ನೋಡಿಯಾಗಿದೆ ಎಂಬ ಪಟ್ಟಿ. ಮುಂದೆ ಯಾರದೋ ಅಟ್ಟದಿಂದ ಆ ರಾತ್ರಿಯ ಪ್ರೋಗ್ರಾಂ ಹೊರಬಂದರೆ ಎಲ್ಲಿ ನೋಡಬೇಕೆಂದು ಆ ಸಂಖ್ಯೆಯೇ ಹೇಳುತ್ತದೆ: ಒಂದು ಬಾಕಿಯಿದ್ದರೆ ಇಬ್ಬರೇ ಮುಗಿಸಿದ ಹೀಟನ್ನು ಹುಡುಕಿ.